ಕನ್ನಡಿ ಮೊದಲು, ಮಸುಕು ಆಮೇಲೆ

ಬ್ಲರಕ್ಕನ ಕೈಗೆ ಸಿಕ್ಕ ವಸ್ತುವಿನ ಗುರುತು ಆಮೇಲೆ ಹೆತ್ತ ತಾಯಿಗೂ ಸಿಗುತ್ತಿರಲಿಲ್ಲ. ಪಾತ್ರೆ ಉಜ್ಜುವ ನಾರು, ಹರಿದ ಛತ್ರಿ, ಬಚ್ಚಲಿನ ನೊರೆ, ಏನಾದರೂ ಸರಿ, ಮೊಬೈಲಿನಲ್ಲಿ ಹತ್ತು ಸೆಕೆಂಡು ಹಿಡಿದು ಕಂಪ್ಯೂಟರಿಗೆ ಹಾಕಿಕೊಂಡಳೆಂದರೆ ಮುಗಿಯಿತು. ಅದನ್ನು ಅಲ್ಲೇ ಪರದೆಯ ಮೇಲೆ ಆರು ಕನ್ನಡಿಗಳ ನಡುವೆ ಕೂರಿಸಿ, ಗಿರಗಿರನೆ ತಿರುಗಿಸಿ, ಕೊನೆಗೆ ಬ್ಲರ್ ಎಂಬ ಮಸುಕಿನ ಹೊದಿಕೆ ಹೊದಿಸಿ, ಅರ್ಧ ಗಂಟೆಯೊಳಗೆ ಸ್ವರ್ಗದ ಬಾಗಿಲಿಗೆ ತೂಗುಹಾಕುವಂಥ ಹೂವು ಅರಳಿಸುತ್ತಿದ್ದಳು. ಅವಳ ವಿಡಿಯೋ ನೋಡಿದ ಕಣ್ಣಿನ ಡಾಕ್ಟರೊಬ್ಬರು ಮೊದಲು ತಮ್ಮ ಕನ್ನಡಕ ಬದಲಿಸಿದರು, ಆಮೇಲೆ ವೃತ್ತಿಯನ್ನೇ ಬದಲಿಸಿದರು.

ಸೈಕಲ್ ಅಂಗಡಿಯ ಮೇಲಿನ ಒಂದು ವಿಡಿಯೋ ಸ್ಟುಡಿಯೋದಲ್ಲಿ ಅವಳು ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದಳು. ಅರಳಿಸಿದ ಹೂಗಳನ್ನೆಲ್ಲ ಸಾಲಾಗಿ ನೆಟ್ಟಿದ್ದರೆ ಭೂಮಿಗೆ ಎರಡು ಸುತ್ತು ಬೇಲಿಯಾಗಿ ಇನ್ನೂ ಒಂದಿಷ್ಟು ಮಿಗುತ್ತಿತ್ತು. ಆದರೆ ಅವಳ ಹೆಸರು ಒಂದೇ ಒಂದು ಪರದೆಯ ಮೇಲೂ ಬಂದಿರಲಿಲ್ಲ. ಕೆಳಗಿನ ಸೈಕಲ್ ಅಂಗಡಿಯವನಿಗೂ ಅವಳು ಬರಿಯ ಬ್ಲರಕ್ಕ.

ಹೀಗಿರುವಾಗ ಟೈಲ್ಸ್ ಕಂಪನಿಯೊಂದು ತನ್ನ ಹೊಸ ಶೋರೂಮಿನ ಗೋಡೆಗೆ ಆನೆ ಮಲಗಿ ಹೊರಳಾಡುವಷ್ಟು ದೊಡ್ಡ ಪರದೆ ಹಾಕಿಸಿತು. ಅದರ ಮೇಲೆ ದಿನವಿಡೀ ಬಣ್ಣದ ಚಿತ್ತಾರ ಅರಳುತ್ತ ಮುಚ್ಚುತ್ತ ಇರಬೇಕು, ಆದರೆ ಇದು ಇಂಥದ್ದೇ ಎಂದು ಯಾರೂ ಬೆರಳಿಟ್ಟು ಹೇಳುವಂತಿರಬಾರದು ಎಂದು ಕೇಳಿತು. ಊರಿನ ಸ್ಟುಡಿಯೋಗಳೆಲ್ಲ ಮಾದರಿ ಕಳಿಸಲು ಮುಗಿಬಿದ್ದವು. ಬ್ಲರಕ್ಕನಿಗೆ ಅವತ್ತು ಒಳ್ಳೆಯ ಕಿತ್ತಳೆ ಬಣ್ಣ ಬೇಕಾಗಿತ್ತು. ಸುತ್ತ ಕಣ್ಣಾಡಿಸಿದಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸ್ಟುಡಿಯೋ ಯಜಮಾನರ ಸೋದರಳಿಯ ಕಿತ್ತಳೆ ಟೀ ಶರ್ಟ್ ತೊಟ್ಟು, ಬಾಯಿಯನ್ನು ಗುಹೆಯಂತೆ ತೆರೆದು, ಮಧ್ಯಾಹ್ನದ ನಿದ್ದೆಯಲ್ಲಿದ್ದ. ಬಿಸಿಲು ನೇರವಾಗಿ ಅವನ ಮೇಲೆ ಬಿದ್ದಿತ್ತು.

“ಅಳಿಯಾ, ಒಂದು ಶಾಟ್ ತಗೊಳ್ಳಲಾ?” ಎಂದು ಕೇಳಿದಳು.

ಅಳಿಯ “ಹೂಂ” ಎಂದ. ಒಪ್ಪಿಗೆಯೋ ಗೊರಕೆಯೋ, ಅಂತೂ ಎಂದ. ಅವಳು ಹಿಡಿದಳು.

ಆರು ಕನ್ನಡಿಗಳ ನಡುವೆ ಟೀ ಶರ್ಟು ಎಸಳಾಯಿತು, ಗಲ್ಲದ ಮೇಲಿನ ಬಿಸಿಲು ಚಿನ್ನದ ಅಂಚಾಯಿತು, ತೆರೆದ ಬಾಯಿ ಹೂವಿನ ನಡುವಿನ ಕಪ್ಪು ಕುಳಿಯಾಗಿ ಮೆಲ್ಲನೆ ಹಿಗ್ಗುತ್ತ ಕುಗ್ಗುತ್ತ ಉಸಿರಾಡತೊಡಗಿತು. ಮಸುಕು ಹೊದಿಸಿದ ಮೇಲಂತೂ ಅದು ಜೇನಿನಲ್ಲಿ ಕರಗಿದ ಸೂರ್ಯನ ಹಾಗಿತ್ತು. ಕಂಪನಿಯವರು ಮಿಕ್ಕ ಮಾದರಿಗಳನ್ನು ತೆರೆದೂ ನೋಡಲಿಲ್ಲ.

ಮರುದಿನವೇ ಯಜಮಾನರು ಅವಳನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

“ನೋಡಮ್ಮ, ಅದು ನಮ್ಮ ಅಳಿಯ ಮಾಡಿದ್ದು ಅಂತ ಕಂಪನಿಗೆ ಹೇಳಿದೀನಿ.”

“ಅದರಲ್ಲಿ ಅವನಿದಾನೆ, ಇಲ್ಲ ಅನ್ನಲ್ಲ. ಮಾಡಿದ್ದು ನಾನು.”

ಮೊದಲ ಮಾತಿನ ಅರ್ಥ ಯಜಮಾನರಿಗೆ ಆಗಲಿಲ್ಲ, ಎರಡನೆಯದು ಬೇಕಾಗಿರಲಿಲ್ಲ. “ಹೊರದೇಶದಲ್ಲಿ ಆರು ತಿಂಗಳು ಕೋರ್ಸ್ ಮಾಡಿ ಬಂದಿದಾನೆ ಹುಡುಗ. ನಮ್ಮಕ್ಕ ದಿನಾ ಫೋನ್ ಮಾಡಿ ಪ್ರಾಣ ತಿಂತಾಳೆ. ಕಂಪನಿಯವರು ಮಾಡಿದವರ ಹೆಸರನ್ನ ಪರದೆ ಮೇಲೇ ಹಾಕ್ತಾರಂತೆ. ಅವನು ಬೆಳೀಬೇಕಾದವನು. ನಿನಗೆ ಈ ವಯಸ್ಸಲ್ಲಿ ಹೆಸರು ತಗೊಂಡು ಏನಾಗಬೇಕು?”

“ಉಪ್ಪು ಖಾರ ಹಚ್ಚಿಕೊಂಡು ತಿಂತೀನಿ.”

“ತಮಾಷೆ ಬೇಡ. ನಾಳೆ ಮಧ್ಯಾಹ್ನ ಶೋರೂಮಿನಲ್ಲಿ ಬಣ್ಣ ಹೊಂದಿಸೋದಿದೆ. ಆ ನಿನ್ನ ಕಂಪ್ಯೂಟರ್ ಬೇರೆಯವರ ಮಾತು ಕೇಳಲ್ಲ, ಅದಕ್ಕೆ ನೀನೂ ಬಾ. ವೈರ್ ಹಿಡಿಯೋಕೆ ಬಂದವಳ ಹಾಗೆ ಒಂದು ಮೂಲೇಲಿ ನಿಂತಿರು. ಬಾಯಿ ಬಿಟ್ಟೆಯೋ, ನಾಡಿದ್ದಿನಿಂದ ನಿನ್ನ ಕುರ್ಚಿ ಬೇರೆಯವರದು.”

ಸಂಜೆ ಮನೆಯಲ್ಲಿ ಅವಳು ಇದನ್ನು ಅತ್ತೆಗೆ ಹೇಳಿದಳು. ಅತ್ತೆ ಎಂದರೆ ಸಾಮಾನ್ಯ ಅತ್ತೆಯಲ್ಲ. ನಲವತ್ತು ವರ್ಷ ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೋಟು ಹೊಲಿದವಳು. ಅವಳು ಹಾಕಿದ ಕಾಜಾದೊಳಗೆ ಹೊಕ್ಕ ಗುಂಡಿ ಮೂರು ತಲೆಮಾರು ಹೊರಗೆ ಬರುತ್ತಿರಲಿಲ್ಲ.

“ಹಿಡೀತೀಯೇನೇ ವೈರು?” ಎಂದಳು ಅತ್ತೆ.

“ಹಿಡೀದೆ ಏನ್ ಮಾಡ್ಲಿ ಅತ್ತೆ. ಇಷ್ಟು ವರ್ಷದ ಕುರ್ಚಿ.”

“ಕುರ್ಚಿಗೇನು, ಯಾರು ಕೂತರೂ ಹೊರುತ್ತೆ, ಕತ್ತೆ ಹಾಗೆ.” ಅತ್ತೆ ಸೂಜಿಗೆ ದಾರ ಪೋಣಿಸಿ, ಹಲ್ಲಿನಿಂದ ದಾರ ಕಡಿದಳು. “ನಾನು ಹೊಲಿದ ಕೋಟು ಹಾಕ್ಕೊಂಡು ಅರ್ಧ ಊರು ಮದುವೆ ಆಯ್ತು. ಕಾಲರ್ ಒಳಗಿನ ಪಟ್ಟೀಲಿ ಯಾರ ಹೆಸರಿತ್ತು? ಅಂಗಡಿಯವನದು. ನಾನೂ ಹೋಗಲಿ ಬಿಡು ಅಂದೆ. ಈಗ ಆ ಕೋಟು ನನ್ನದು ಅಂದರೆ, ಹೌದಾ ಅಜ್ಜಿ ಅಂತ ತಲೆ ಸವರಿ ಹೋಗ್ತಾರೆ.” ಸೂಜಿಯನ್ನು ಬಟ್ಟೆಗೆ ಚುಚ್ಚಿ ಅಂದಳು, “ಎಲ್ಲದರಲ್ಲೂ ನನ್ನ ಹಾಗೆ ಆಗು ಅಂತ ಇಷ್ಟು ವರ್ಷ ಬಡಕೊಂಡೆ. ಇದೊಂದರಲ್ಲಿ ಬೇಡ ಕಣೆ.”

ಅತ್ತೆ ತನ್ನಲ್ಲೊಂದು ಕೊರತೆ ಇದೆಯೆಂದು ಒಪ್ಪಿಕೊಂಡಿದ್ದು ಅದೇ ಮೊದಲು. ಭೂಕಂಪವಾಗಿದ್ದರೂ ಬ್ಲರಕ್ಕ ಅಷ್ಟು ಬೆಚ್ಚುತ್ತಿರಲಿಲ್ಲ.

ಮರುದಿನ ಸ್ಟುಡಿಯೋದ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಹಸುಗೂಸಿನಂತೆ ಎತ್ತಿಕೊಂಡು ಶೋರೂಮಿಗೆ ಹೋದಳು. ರಸ್ತೆಯ ಕಡೆಯ ಗೋಡೆಯೆಲ್ಲ ಗಾಜು. ಗಾಜಿನಾಚೆ ಬಸ್ ಸ್ಟಾಪು. ಅವಳು ಕಂಪ್ಯೂಟರಿನ ಬಲಗೆನ್ನೆಗೊಂದು ಎಡಗೆನ್ನೆಗೊಂದು ಬಿಗಿದಳು. ಅದು ತೆಪ್ಪಗೆ ಎದ್ದಿತು. ಅಳಿಯ ಅದರ ಮುಂದೆ ಕೂತು ಬೆರಳು ಮುರಿದುಕೊಂಡ. ಅವಳು ವೈರು ಹಿಡಿದು ಮೂಲೆಗೆ ನಿಂತಳು.

ಕಂಪನಿಯ ಮೇಡಂ ಬಂದರು. ನಡೆಯುವಾಗಲೂ ಹಿಮ್ಮಡಿಯಿಂದ ನೆಲ ತಟ್ಟಿ ನೋಡುವ ಹೆಂಗಸು. ಎರಡು ಟೈಲ್ಸ್ ನಡುವೆ ಕೂದಲೆಳೆಯಷ್ಟು ಸಂದು ಬಿದ್ದರೂ ಪಕ್ಕದೂರಿನಿಂದಲೇ ಮೂಗು ಮುರಿಯುತ್ತಿದ್ದವರು.

ಹೂವು ಪರದೆಯ ಮೇಲೆ ಅರಳಿತು. ಮೇಡಂ ಮೂಗು ಮುರಿದರು.

“ಇದೇನು, ಬಿರುಕು ಬಿಟ್ಟಿದೆ? ನೀವು ಕಳಿಸಿದ್ದರಲ್ಲಿ ಈ ಗೆರೆಗಳಿರಲಿಲ್ಲ.”

ನಿಜಕ್ಕೂ ಎಸಳು ಎಸಳಿನ ನಡುವೆ ಚಾಕುವಿನಿಂದ ಕೊಯ್ದಂತೆ ಆರು ಗೆರೆ ಎದ್ದು ಕಾಣುತ್ತಿದ್ದವು. ಬ್ಲರಕ್ಕನಿಗೆ ಒಂದೇ ನೋಟಕ್ಕೆ ತಿಳಿಯಿತು. ಹಿಂದಿನ ದಿನ ಅವಳು ಕಂಪ್ಯೂಟರ್ ಆರಿಸದೆ ಮನೆಗೆ ಹೋದ ಮೇಲೆ ಅಳಿಯ ಫೈಲು ತೆರೆದು, ತನ್ನ ಕೈವಾಡವೂ ಇರಲಿ ಎಂದು ಅಚ್ಚುಕಟ್ಟು ಮಾಡಿದ್ದ. ಅವಳು ಒಂದರ ಕೆಳಗೊಂದು ಪೇರಿಸಿಟ್ಟ ಕನ್ನಡಿ, ತಿರುಗಣೆ, ಮಸುಕಿನ ಎಫೆಕ್ಟುಗಳು ಅವನಿಗೆ ಅಡ್ಡಾದಿಡ್ಡಿಯಾಗಿ ಕಂಡಿದ್ದವು. ಕೋರ್ಸಿನಲ್ಲಿ ಹೇಳಿಕೊಟ್ಟ ಶಿಸ್ತಿನಂತೆ, ಹಾಜರಿ ಪಟ್ಟಿ ಬರೆದ ಹಾಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದ್ದ. ಬ್ಲರ್ ಎಲ್ಲಕ್ಕಿಂತ ಮೇಲೆ ಹೋಗಿ ಕೂತಿತ್ತು. ಆ ಸಾಫ್ಟ್‌ವೇರಿನಲ್ಲಿ ಕೆಲಸ ಮೇಲಿನಿಂದ ಕೆಳಗೆ ನಡೆಯುತ್ತದೆ. ಮೊದಲು ಕನ್ನಡಿಯಲ್ಲಿ ಕತ್ತರಿಸಿ ಆಮೇಲೆ ಮಸುಕು ಹೊದಿಸಿದರೆ ಕತ್ತರಿಸಿದ ಗೆರೆ ಕರಗುತ್ತದೆ. ಮೊದಲೇ ಮಸುಕು ಮಾಡಿ ಆಮೇಲೆ ಕತ್ತರಿಸಿದರೆ ಗೆರೆ ಮುಚ್ಚುವವರು ಯಾರು? ಸುಣ್ಣ ಹೊಡೆದಾದ ಮೇಲೆ ಗೋಡೆ ಕಟ್ಟಿದ ಹಾಗೆ.

“ಒಂಚೂರು ಬ್ಲರ್ ಜಾಸ್ತಿ ಮಾಡಿದರೆ ಸರಿಹೋಗುತ್ತೆ,” ಎಂದ ಅಳಿಯ. ಐವತ್ತಿದ್ದದ್ದನ್ನು ನೂರು ಮಾಡಿದ, ನೂರನ್ನು ಐನೂರು ಮಾಡಿದ. ಹೂವು ಹೋಗಿ ಹೊಗೆಯಾಯಿತು. ಆರು ಗೆರೆಗಳೂ ಮೊದಲಿಗಿಂತ ಠೀವಿಯಿಂದ ನಿಂತವು.

ಅಳಿಯನ ಹಣೆಯಲ್ಲಿ ಕೆರೆ ಕೋಡಿ ಹರಿಯಿತು. ಹಿಂದಕ್ಕೆ ಬಾಗಿ ಪಿಸುಗುಟ್ಟಿದ, “ಅಕ್ಕಾ, ಏನ್ ಮಾಡ್ಲಿ?”

“ನಾನು ವೈರ್ ಹಿಡ್ಕೊಂಡಿದೀನಿ ಮಗೂ. ಬಾಯಿ ಬಿಡಬಾರದು ಅಂದಿದಾರೆ.”

ಯಜಮಾನರು ಅವಳತ್ತ ಕಣ್ಣು ಮಿಟುಕಿಸಿದರು, ಹುಬ್ಬು ಹಾರಿಸಿದರು, ಕೈ ತಿರುಗಿಸಿದರು. ಮೈಮೇಲೆ ಜೇನುಹುಳು ಬಿದ್ದವರಂತೆ ಕುಣಿದರು. ಅವಳು ವೈರನ್ನು ಇನ್ನೂ ಭಕ್ತಿಯಿಂದ ಹಿಡಿದುಕೊಂಡಳು.

“ಹೋಗಲಿ, ಇದರ ಮೂಲ ಯಾವುದು? ಯಾವುದನ್ನು ಶೂಟ್ ಮಾಡಿದ್ದೀರಿ?” ಮೇಡಂ ಅಳಿಯನನ್ನು ಕೇಳಿದರು.

“ಅದು... ಸೂರ್ಯಾಸ್ತ.”

“ಸೂರ್ಯಾಸ್ತ ಉಸಿರಾಡುತ್ತಾ?”

ಬ್ಲರಕ್ಕ ವೈರನ್ನು ಕೆಳಗಿಟ್ಟಳು. ಅದು ನೆಲಕ್ಕೆ ತಾಗಿದ ಸದ್ದಿಗೆ ಯಜಮಾನರ ಮೀಸೆ ಒಂದಂಗುಲ ಇಳಿಯಿತು. ಅವಳು ನಡೆದು ಬಂದು, ಅಳಿಯನ ಭುಜವನ್ನು ಒಂದೇ ಬೆರಳಿನಿಂದ ಸರಿಸಿ, ಬ್ಲರನ್ನು ಮೇಲಿನಿಂದ ಎಳೆದು ಕೆಳಗೆ ಬಿಟ್ಟು ಹಳೆಯ ಅಳತೆಗೆ ತಂದಳು. ಆರು ಗೆರೆಗಳೂ ಬೆಣ್ಣೆಯಂತೆ ಕರಗಿದವು.

“ಮೇಡಂ, ಇದನ್ನ ಮಾಡಿದ್ದು ನಾನು.”

“ಅಯ್ಯೋ, ಅವಳ ಮಾತು ಬಿಡಿ,” ಎಂದು ಯಜಮಾನರು ನಡುವೆ ಬಂದರು. “ನಮ್ಮ ಅಳಿಯನೇ ಪಾಪ, ಕೂರಿಸಿಕೊಂಡು ಕಲಿಸಿದಾನೆ. ಏನೋ ಅಷ್ಟಿಷ್ಟು ಬರುತ್ತೆ.”

ಆ ‘ಅಷ್ಟಿಷ್ಟು’ ಅವಳ ನೆತ್ತಿಗೆ ಹತ್ತಿತು. ಎಫೆಕ್ಟುಗಳ ಪಕ್ಕದ ಪುಟ್ಟ ಗುಂಡಿಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಮಸುಕು ಹೋಯಿತು. ತಿರುಗಣೆ ನಿಂತಿತು. ಕನ್ನಡಿಗಳು ಆರೂ ಮಾಯವಾದವು.

ಗೋಡೆಯುದ್ದಕ್ಕೂ ಅಳಿಯ ಮಲಗಿದ್ದ. ಒಂದೊಂದು ಹಲ್ಲು ಕಪಾಟಿನ ಬಾಗಿಲಿನಷ್ಟಿತ್ತು. ಕಿರುನಾಲಿಗೆ ಗಡಿಯಾರದ ಲೋಲಕದ ಹಾಗೆ ಅಲ್ಲಾಡುತ್ತಿತ್ತು. ಬಸ್ ಸ್ಟಾಪಿನ ಜನ ಗಾಜಿಗೆ ಮೂಗೊತ್ತಿ ನಿಂತರು. ಬಂದ ಬಸ್ಸಿಗೆ ಯಾರೂ ಹತ್ತಲಿಲ್ಲ, ಅದರೊಳಗಿದ್ದವರೇ ಇಳಿದರು.

“ಸೂರ್ಯಾಸ್ತ,” ಎಂದಳು ಬ್ಲರಕ್ಕ. “ಇದನ್ನ ಮಾಡುವಾಗ ಅವರು ಹೀಗೆ ಕಲಿಸ್ತಾ ಇದ್ದರು.”

ಮೇಡಂ ಕೆಮ್ಮಿದರು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

“ಮುಚ್ಚಮ್ಮ ಅದನ್ನ, ಮೊದಲು ಮುಚ್ಚು,” ಎಂದರು ಯಜಮಾನರು.

“ಮುಚ್ತೀನಿ. ಮಾಡಿದ್ದು ಯಾರು ಅಂತ ಹೇಳಿ.”

“ನಿನ್ನ ಕುರ್ಚಿ...”

“ಇಟ್ಕೊಳ್ಳಿ ಯಜಮಾನ್ರೇ. ಅದರ ಮುಂದಿನ ಕಾಲು ಮಾತ್ರ ನಾನು ಹಾಕಿಸಿದ್ದು, ಅದನ್ನ ಬಿಚ್ಕೊಂಡು ಹೋಗ್ತೀನಿ.”

ಯಜಮಾನರು ಅಂಗಿಯ ಕಾಲರಿನೊಳಗೇ ಏನೋ ಗೊಣಗಿದರು.

“ಬಸ್ ಸ್ಟಾಪಿಗೆ ಕೇಳಿಸಲಿಲ್ಲ,” ಎಂದಳು ಬ್ಲರಕ್ಕ.

“ಮಾವಾ, ಹೇಳಿಬಿಡಿ,” ಎಂದು ಅಳಿಯನೇ ಅಂಗಲಾಚಿದ. “ನನ್ನ ಸ್ನೇಹಿತರೆಲ್ಲ ಇದೇ ಬಸ್ಸಲ್ಲಿ ಬರ್ತಾರೆ.”

“ಇವಳೇ ಮಾಡಿದ್ದು,” ಎಂದರು ಯಜಮಾನರು ಕೊನೆಗೆ, ಗಂಟಲು ಬಿಚ್ಚಿ. “ಪೂರ್ತಿ ಇವಳೇ.”

ಬ್ಲರಕ್ಕ ಒಂದು ಕನ್ನಡಿ ಹಾಕಿದಳು. ಗೋಡೆಯ ಮೇಲೆ ಈಗ ಇಬ್ಬರು ಅಳಿಯಂದಿರು ಎದುರುಬದುರಾಗಿ ಬಾಯಿ ತೆರೆದು ಮಲಗಿದರು.

“ಇದೇನಮ್ಮ, ಎರಡಾದ?” ಎಂದರು ಯಜಮಾನರು.

“ಬಾಯಿಮಾತಿಗೆ ಒಂದು ಕನ್ನಡಿ. ಉಳಿದ ಐದು, ಬರೆದು ಕೊಟ್ಟ ಮೇಲೆ.”

ಮೇಡಂ ತಾವಾಗಿಯೇ ಕಾಗದ ಪೆನ್ನು ಮುಂದಿಟ್ಟರು. ಯಜಮಾನರು ಬರೆದರು. ಸಾಲಿಗೊಂದರಂತೆ ಕನ್ನಡಿ ಬಂತು. ಅಳಿಯಂದಿರು ಮೂವರಾದರು, ನಾಲ್ವರಾದರು. ಮೆಲ್ಲಗೆ ಬಾಯಿಗಳು ಒಂದಾಗಿ ಕುಳಿಯಾದವು, ಟೀ ಶರ್ಟು ಎಸಳಾಯಿತು. ಐದನೆಯ ಸಾಲಿನಲ್ಲಿ ಯಜಮಾನರು ‘ಸಲಹೆ: ಸೋದರಳಿಯ’ ಎಂದು ತುರುಕಲು ನೋಡಿದರು. ಅವಳ ಬೆರಳು ಕನ್ನಡಿ ಆರಿಸುವ ಗುಂಡಿಯತ್ತ ಹೋಯಿತು. ಅವರು ಹೊಡೆದುಹಾಕಿ ಸಹಿ ಮಾಡಿದರು.

“ಇವರ ಹೆಸರೂ ಹಾಕಿಬಿಡಿ, ಇವತ್ತಿನಿಂದಲೇ ಓಡಲಿ,” ಎಂದರು ಮೇಡಂ.

ಬ್ಲರಕ್ಕ ಕೂತಳು. ಹೂವಿಗೆ ಮಸುಕು ಹೊದಿಸಿದಳು. ಅದರ ಮೇಲೆ ಬೇರೆಯೇ ಪದರ ತೆರೆದು, ಒಂದು ಅಕ್ಷರದ ತುದಿಗೂ ಮಸುಕು ತಾಗದಂತೆ, ಅಪ್ಪ ಅಮ್ಮ ಇಟ್ಟ ತನ್ನ ಪೂರ್ತಿ ಹೆಸರು ಟೈಪು ಮಾಡಿದಳು. ಅಕ್ಷರಗಳನ್ನು ಎಳೆದಳು. ಮತ್ತೆ ಎಳೆದಳು.

“ಇಷ್ಟು ದೊಡ್ಡದಾ?” ಎಂದರು ಮೇಡಂ.

“ಓಡೋ ಬಸ್ಸಿನಿಂದ ಓದೋಕೆ ಬರಬೇಕು ಮೇಡಂ,” ಎಂದಳು ಬ್ಲರಕ್ಕ, ಇನ್ನೊಂದು ಅಳತೆ ಏರಿಸುತ್ತ.