ಒಂಬತ್ತನೇ ಪಾಠದ ಉತ್ತರ

ಲಕ್ವ ಹೊಡೆದ ಹನ್ನೊಂದನೇ ದಿನ ಆವಲಪ್ಪ ಮೇಷ್ಟ್ರು ಮೊದಲ ಸಲ ಬಾಯಿಬಿಟ್ಟರು. ಬಂದದ್ದು ತೆಲುಗಲ್ಲ, ಕನ್ನಡವೂ ಅಲ್ಲ.

"ಕುಡ್ ಯು ಪ್ಲೀಸ್ ಗಿವ್ ಮಿ ಸಮ್ ವಾಟರ್?"

ಕೋಲಾರದ ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತು ಮೂಸಂಬಿ ಸುಲಿಯುತ್ತಿದ್ದ ವೆಂಕಟರತ್ನಮ್ಮ ಹಿಂದಕ್ಕೆ ತಿರುಗಿ ನೋಡಿದಳು. ಡಾಕ್ಟರು ಬಂದಿರಬೇಕು, ಅವರೊಂದಿಗೆ ಮಾತಾಡುತ್ತಿದ್ದಾರೆ ಅಂದುಕೊಂಡಳು. ಹಿಂದೆ ಯಾರೂ ಇರಲಿಲ್ಲ. ಗಂಡನ ಕಣ್ಣು ತನ್ನ ಮೇಲೇ ನೆಟ್ಟಿತ್ತು. ವಾಟರ್ ಅಂದರೆ ನೀರು ಅನ್ನುವುದಷ್ಟು ಅವಳಿಗೆ ಗೊತ್ತಿತ್ತು. ಲೋಟ ಹಿಡಿದಳು. ಅವರು ತುಟಿ ಬಿಗಿಹಿಡಿದರು. ಇನ್ನೇನನ್ನೋ ಕಾಯುತ್ತಿದ್ದಂತಿತ್ತು. ಏನೆಂದು ಅವಳಿಗೆ ತಿಳಿಯಲಿಲ್ಲ.

ಸಾಯಂಕಾಲ ರೌಂಡ್ಸಿಗೆ ಬಂದ ಡಾಕ್ಟರು ಬಿಡಿಸಿ ಹೇಳಿದರು. "ಮೆದುಳಲ್ಲಿ ಮಾತಿನ ಜಾಗಕ್ಕೇ ಪೆಟ್ಟು ಬಿದ್ದಿದೆ ಅಮ್ಮ. ಆಡೋ ಮಾತು ಹೊರಟುಹೋಗಿದೆ. ಸಾವಿರ ಸಲ ಬಾಯಿಪಾಠ ಆಗಿದ್ದು ಉಳ್ಕೊಂಡಿದೆ. ಅರ್ಥ ಗೊತ್ತಿದ್ದು ಹೇಳ್ತಾರೋ, ಸುಮ್ನೆ ಬಾಯಿಗೆ ಬರ್ತಿದೆಯೋ, ನಾನೂ ಹೇಳಕ್ಕಾಗಲ್ಲ."

ಅವರ ಮನೆಯಲ್ಲಿ ಗಂಡ ಹೆಂಡತಿ ನಡುವೆ ತೆಲುಗು, ಮಿಕ್ಕ ಲೋಕದ ಜೊತೆ ಕನ್ನಡ. ಇಂಗ್ಲಿಷು ಮೇಷ್ಟ್ರ ಹೊಟ್ಟೆಪಾಡು. ಮೂವತ್ತನಾಲ್ಕು ವರ್ಷ ಸುತ್ತಮುತ್ತಲ ಹೈಸ್ಕೂಲುಗಳಲ್ಲಿ ಅದನ್ನೇ ಕಲಿಸಿದರು, ಆದರೆ ಮನೆಯ ಹೊಸಿಲಿನೊಳಗೆ ಒಂದು ದಿನವೂ ತಂದವರಲ್ಲ. ಪಿಯುಸಿ ಕಟ್ಟಬೇಕೆಂದಿದ್ದ ರತ್ನಮ್ಮ ಮದುವೆಯಾದ ಹೊಸತರಲ್ಲಿ ನನಗೂ ನಾಲ್ಕು ಮಾತು ಹೇಳಿಕೊಡಿ ಎಂದು ಕೇಳಿದ್ದಳು. "ಹುಳುವಿನ ಜೊತೆ ಇಂಗ್ಲಿಷ್ ಮಾತಾಡ್ತೀಯಾ?" ಎಂದು ನಕ್ಕಿದ್ದರು. ಹುತ್ತೂರಿನ ಹತ್ತಿರದ ಅವರ ಊರಿನಲ್ಲಿ ಒಂದೂವರೆ ಎಕರೆ ಹಿಪ್ಪುನೇರಳೆ, ಹಿತ್ತಲಲ್ಲಿ ರೇಷ್ಮೆ ಹುಳುವಿನ ಮನೆ. ಸೊಪ್ಪು ಕೊಯ್ಯುವುದು, ಹುಳು ಮೇಯಿಸುವುದು, ಗೂಡು ಬಿಡಿಸುವುದು ಎಲ್ಲಾ ಅವಳದೇ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ವಾರಕ್ಕೆರಡು ಸಲ ಮೇಷ್ಟ್ರನ್ನು ವ್ಯಾಯಾಮಕ್ಕೆಂದು ಕೋಲಾರಕ್ಕೆ ಕರೆದೊಯ್ಯುತ್ತಿದ್ದ ಆಟೋ ಮುನೇಶನದು. ನಲವತ್ತು ದಾಟಿದವನು, ಮೇಷ್ಟ್ರ ಹಳೇ ಶಿಷ್ಯ, ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದವನು. ಮೊದಲ ಸಲ ಮೇಷ್ಟ್ರನ್ನು ಎತ್ತಿ ಕೂರಿಸಿದಾಗ ಅವರು "ವುಡ್ ಯು ಮೈಂಡ್ ಓಪನಿಂಗ್ ದ ವಿಂಡೋ?" ಅಂದರು. ಆಟೋಗೆ ಎಲ್ಲಿಯ ಕಿಟಕಿ! ಮುನೇಶ ಮಾತ್ರ ಕರೆಂಟು ಹೊಡೆದವನಂತೆ ನೆಟ್ಟಗೆ ನಿಂತು, "ನಾಟ್ ಅಟ್ ಆಲ್, ಸರ್," ಅಂದುಬಿಟ್ಟ. ಮೇಷ್ಟ್ರು ತಲೆಯಾಡಿಸಿ ಸೀಟಿಗೆ ಒರಗಿದರು.

"ಅದೇನೋ ಮುನೇಶ, ನಿಂಗೆ ತಿಳೀತಾ?" ರತ್ನಮ್ಮ ಬೆರಗಾಗಿ ಕೇಳಿದಳು.

"ಅದು ಪಾಠ ಕಣಮ್ಮಾ! ಮೂರನೇ ಪಾಠ. ಇಪ್ಪತ್ತು ಪಾಠ ಮೇಷ್ಟ್ರೇ ಬರ್ದಿದ್ರು. ಏನಾದ್ರೂ ಕೇಳೋದು ಹೆಂಗೆ, ದಾರಿ ವಿಚಾರಿಸೋದು ಹೆಂಗೆ, ಬರಲ್ಲ ಅನ್ನೋದು ಹೆಂಗೆ ಅಂತ. ಹುಡುಗ್ರು ಒಂದು ಸಾಲು ಹೇಳ್ಬೇಕು, ಹುಡುಗೀರು ಅದಕ್ಕೆ ಉತ್ತರ. ಉತ್ತರ ಬರಲಿಲ್ಲಾಂದ್ರೆ ಮುಂದಕ್ಕೇ ಬಿಡ್ತಿರಲಿಲ್ಲ. ಬೆತ್ತ ಪುಡಿಯಾಗೋದು."

ಆಗ ಅವಳಿಗೆ ಆಸ್ಪತ್ರೆಯ ಲೋಟ ನೆನಪಾಯಿತು. ಅವರು ಕಾದದ್ದು ಉತ್ತರಕ್ಕೆ.

ಅಂದಿನಿಂದ ಕೋಲಾರದ ದಾರಿಯೇ ಅವಳ ಸ್ಕೂಲಾಯಿತು. ಮುನೇಶ ಹ್ಯಾಂಡಲ್ ಹಿಡಿದು ಹೇಳಿಕೊಡುವನು. ಅವಳು ಹಿಂದಿನ ಸೀಟಿನಲ್ಲಿ ಗಂಡನ ಭುಜ ಆತುಕೊಂಡು ಹೇಳಿಕೊಳ್ಳುವಳು. ಮನೆಗೆ ಬಂದು ಹಳೇ ಕ್ಯಾಲೆಂಡರಿನ ಹಿಂಬದಿಗೆ ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡಳು: ಯೆಸ್, ಆಫ್ ಕೋರ್ಸ್. ಹಿಯರ್ ಯು ಆರ್. ಹಾಗಂದು ಕೊಟ್ಟರೆ ಮೇಷ್ಟ್ರು ನೀರು ಕುಡಿಯುತ್ತಿದ್ದರು. ಅನ್ನದೆ ಕೊಟ್ಟರೆ ಕಟಬಾಯಿಂದ ಸುರಿದು ಹೋಗುತ್ತಿತ್ತು.

"ಮುನೇಶ, ಈ ಕುಡ್ ಅಂದ್ರೇನಪ್ಪ?"

"ಕ್ಯಾನ್ ಅನ್ನೋದರ ಭೂತಕಾಲ ಅಮ್ಮಾ."

"ನೀರು ಬೇಕಾಗಿರೋದು ಈಗ. ಭೂತಕಾಲ ಯಾಕೆ?"

ಮುನೇಶ ಸ್ವಲ್ಪ ದೂರ ಯೋಚಿಸುತ್ತಾ ಆಟೋ ಓಡಿಸಿದ. "ಮರ್ಯಾದೆಗಮ್ಮಾ. ಇಂಗ್ಲಿಷ್ನೋರು ಮರ್ಯಾದೆ ಕೊಡಬೇಕಂದ್ರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ನಿಂತು ಕೇಳ್ತಾರೆ. ಹಂಗಂತ ಮೇಷ್ಟ್ರೇ ಹೇಳ್ತಿದ್ರು."

"ಯು ಅಂದ್ರೆ ನೀನು ಅಂತಲೋ, ನೀವು ಅಂತಲೋ?"

"ಎರಡಕ್ಕೂ ಒಂದೇ."

ನಲವತ್ತೊಂದು ವರ್ಷದ ಸಂಸಾರದಲ್ಲಿ ಗಂಡ ಅವಳನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. "ಏಮೇ, ನೀಳ್ಳು" ಅಂದರೆ ನೀರು ಬರಬೇಕು. "ಏಮೇ, ತಲುಪು" ಅಂದರೆ ಬಾಗಿಲು ತೆಗೆಯಬೇಕು. ಎರಡು ಮಾತಿಗಿಂತ ಹೆಚ್ಚು ಅವಳ ಮೇಲೆ ಖರ್ಚು ಮಾಡಿದವರಲ್ಲ. ಈಗ ಅದೇ ಮನುಷ್ಯ ಒಂದು ಲೋಟ ನೀರಿಗೆ ಒಂದು ಹೆಜ್ಜೆ ಹಿಂದೆ ನಿಂತು ಕೇಳುತ್ತಿದ್ದರು. ಬಲಗೈ ಸತ್ತು, ಬಾಯಿ ಸೊಟ್ಟಗಾಗಿ ಬಿದ್ದಿರುವ ಗಂಡನಿಂದ ಆ ಮಾತು ಕೇಳಿ ಒಳಗೊಳಗೇ ಖುಷಿಯಾಗುವುದು ಅವಳಿಗೆ ನಾಚಿಕೆಗೇಡೆನಿಸಿತು. ಆದರೂ ಖುಷಿಯಾಗುತ್ತಿತ್ತು.

ಆ ಖುಷಿ ಹೆಚ್ಚು ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ಸೊಪ್ಪಿನ ಹೊರೆ ಇಳಿಸಿ ಒಳಗೆ ಬರುವಾಗ ಮೇಷ್ಟ್ರ ದನಿ ಕೇಳಿಸಿತು. ಬಾಗಿಲಲ್ಲೇ ನಿಂತಳು. ಅವರು ಗೋಡೆಗಾನಿಸಿದ್ದ ಖಾಲಿ ಕುರ್ಚಿಯನ್ನು ಅಷ್ಟೇ ವಿನಯದಿಂದ ನೀರು ಕೇಳುತ್ತಿದ್ದರು. ಕುರ್ಚಿಯ ಉತ್ತರಕ್ಕಾಗಿ ಕಾಯುತ್ತಿದ್ದರು. ಅವಳು ಹಿತ್ತಲಿಗೆ ಹೋಗಿ ಬಹಳ ಹೊತ್ತು ಸೊಪ್ಪು ಕತ್ತರಿಸಿದಳು.

ದೀಪಾವಳಿ ಕಳೆದ ಮೇಲೆ ಹೊಸ ಮಾತೊಂದು ಶುರುವಾಯಿತು.

"ಐ ಆಮ್ ವೆರಿ ಸಾರಿ. ಐ ಶುಡಂಟ್ ಹ್ಯಾವ್ ಡನ್ ದಟ್."

ಹಿಂದಿನವುಗಳಂತೆ ಇದು ಬಂದು ಹೋಗಲಿಲ್ಲ. ಬೆಳಿಗ್ಗೆ ಎದ್ದಾಗ ಅದೇ, ಗಂಜಿ ತಂದಾಗ ಅದೇ, ಬೆನ್ನು ಒರೆಸುವಾಗ ಅದೇ. ಸಾರಿ ಅನ್ನುವುದು ಊರಿಗೇ ಗೊತ್ತಿರುವ ಮಾತು. ಮಿಕ್ಕದ್ದನ್ನು ಅವಳು ಮುನೇಶನನ್ನು ಕೇಳಿದಳು.

"ಒಂಬತ್ತನೇ ಪಾಠ, ಕ್ಷಮೆ ಕೇಳೋದು. ತುಂಬಾ ತಪ್ಪಾಯ್ತು, ಹಂಗೆ ಮಾಡಬಾರದಿತ್ತು ಅಂತ. ಶುಡ್ ಆದ್ಮೇಲೆ ಹ್ಯಾವ್ ಬಂದ್ರೆ ಕೆಲಸ ಆಗೋಗಿದೆ, ಇನ್ನು ತಿದ್ದಕ್ಕಾಗಲ್ಲ ಅಂತರ್ಥ ಅಮ್ಮಾ."

"ದಟ್ ಅಂದ್ರೆ?"

"ಅದು."

"ಯಾವುದು?"

"ಅದು ಪಾಠದಲ್ಲಿರಲಿಲ್ಲಮ್ಮಾ," ಅಂದ ಮುನೇಶ. "ಉತ್ತರ ಮಾತ್ರ ಇತ್ತು. ದಟ್ಸ್ ಆಲ್ ರೈಟ್. ಇಟ್ ಡಸಂಟ್ ಮ್ಯಾಟರ್. ಪರವಾಗಿಲ್ಲ ಬಿಡಿ, ಅದೇನು ದೊಡ್ಡ ವಿಷಯ ಅಲ್ಲ ಅಂತ."

ರತ್ನಮ್ಮ ಆ ಉತ್ತರವನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳಲಿಲ್ಲ.

ಯಾವುದು ಅಂತ ಪಾಠಕ್ಕೆ ಗೊತ್ತಿಲ್ಲದಿದ್ದರೂ ಅವಳಿಗೆ ಗೊತ್ತಿತ್ತು. ಇಪ್ಪತ್ತಾರು ವರ್ಷದ ಹಿಂದಿನ ಒಂದು ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ. ಅವಳ ತವರು ಮುಳಬಾಗಿಲು ದಾಟಿ ಆಂಧ್ರದ ಗಡಿಯ ಕಡೆಗೆ. ಅಂದು ಬೆಳಗಿನ ಜಾವ ಅಪ್ಪ ಸೊಣ್ಣಪ್ಪ ತೀರಿಕೊಂಡಿದ್ದ. ತಮ್ಮ ಆಂಜಿ ಒಂಬತ್ತು ಗಂಟೆಗೆ ಸ್ಕೂಲಿಗೆ ಫೋನ್ ಮಾಡಿದ. ಫೋನ್ ಎತ್ತಿಕೊಂಡವರು ಮೇಷ್ಟ್ರೇ. ಸ್ಕೂಲಿಗೂ ಮನೆಗೂ ಹತ್ತು ನಿಮಿಷದ ದಾರಿ. ಅವರು ಹೇಳಿ ಕಳಿಸಲಿಲ್ಲ. ಪರೀಕ್ಷೆ ಮುಗಿಸಿ, ಉತ್ತರ ಪತ್ರಿಕೆ ಕಟ್ಟಿ ಮೊಹರು ಹಾಕಿಸಿ, ಮೂರೂವರೆಗೆ ಮನೆಗೆ ಬಂದು ನಿಮ್ಮಪ್ಪ ಹೋದ್ರಂತೆ, ಸೀರೆ ಬದಲಾಯಿಸು ಅಂದರು. ಬಸ್ಸಿಳಿದು ಅವಳು ಅಂಗಳ ಮುಟ್ಟುವಾಗ ಹೆಂಗಸರು ಮನೆ ತೊಳೆಯುತ್ತಿದ್ದರು. "ನಾಲ್ಕು ಗಂಟೆವರೆಗೂ ನಿಂಗೋಸ್ಕರ ಕಾದ್ವಿ ಕಣಕ್ಕಾ. ಇನ್ನು ಇಡಕ್ಕಾಗಲ್ಲ ಅಂದ್ರು," ಅಂದಿದ್ದ ಆಂಜಿ. ಫೋನಿನ ವಿಷಯ ಅವಳಿಗೆ ತಿಳಿದದ್ದೂ ಅವನಿಂದಲೇ. ವಾಪಸು ಬರುವ ಬಸ್ಸಿನಲ್ಲಿ ಮೇಷ್ಟ್ರು ಒಂದೇ ಮಾತು ಆಡಿದ್ದರು: "ಹೇಳಿದ್ರೆ ಸ್ಕೂಲಿಗೇ ಬಂದು ಗೋಳಾಡ್ತಿದ್ದೆ. ಮಕ್ಕಳ ಪರೀಕ್ಷೆ ಕೆಡೋದು." ಆಮೇಲೆ ಆ ವಿಷಯ ಅವರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅವಳು ಅದನ್ನು ಮರೆಯಲೂ ಇಲ್ಲ.

ಈಗ ಅವರು ದಿನಕ್ಕೆ ಇಪ್ಪತ್ತು ಸಲ ತಪ್ಪಾಯ್ತು ಅನ್ನುತ್ತಿದ್ದರು. ಅವಳು ಗಂಜಿಯ ಚಮಚ ಹಿಡಿದು ಸುಮ್ಮನೆ ಕೂರುತ್ತಿದ್ದಳು. ಉತ್ತರವಿಲ್ಲದೆ ಅವರು ಬಾಯಿ ತೆರೆಯುತ್ತಿರಲಿಲ್ಲ. ಮೂರು ದಿನಕ್ಕೆ ಕೆನ್ನೆ ಒಳಕ್ಕೆ ಹೋಯಿತು. ಅದೇ ಸಾಲನ್ನು ಹೇಳಿ ಹೇಳಿ ದನಿ ಒಡೆಯಿತು, ಎಡಗೈ ಮಂಚದ ಪಟ್ಟಿಯನ್ನು ಬಡಿಯತೊಡಗಿತು.

ಭಾನುವಾರ ಮಾಲೂರಿನಿಂದ ಮಗಳು ಸುನಂದ ಬಂದಳು. ಅಪ್ಪನ ಅವಸ್ಥೆ ನೋಡಿ ಗಾಬರಿಯಾದಳು. ಮುನೇಶನಿಂದ ವಿಷಯ ತಿಳಿದ ಮೇಲೆ ಅಮ್ಮನ ಮೇಲೆ ಸಿಟ್ಟಾದಳು.

"ಎರಡು ಮಾತಮ್ಮ! ಅಂದ್ಬಿಡು, ಅಪ್ಪ ಒಂದು ತುತ್ತು ತಿನ್ಲಿ."

"ನೀನೇ ಅನ್ನು."

ಸುನಂದ ಅಂದು ನೋಡಿದಳು. ಮೇಷ್ಟ್ರು ಅವಳತ್ತ ತಿರುಗಲೇ ಇಲ್ಲ. ಹೆಂಡತಿಯ ಮುಖವನ್ನೇ ನೋಡುತ್ತಾ ಮತ್ತೆ ಅದೇ ಹೇಳಿದರು.

"ನಿನ್ನತ್ರಾನೇ ಕೇಳ್ತಿದ್ದಾರೆ, ನೋಡು. ಕಲ್ಲಾಗಿಬಿಟ್ಯಲ್ಲ ನೀನು," ಎಂದು ಸುನಂದ ಅತ್ತಳು.

ರತ್ನಮ್ಮ ಎದ್ದು ಹೊರಗೆ, ಆಟೋದ ಹತ್ತಿರ ನಿಂತಿದ್ದ ಮುನೇಶನ ಬಳಿ ಹೋದಳು. "ಆ ಪಾಠಕ್ಕೆ ಬೇರೆ ಉತ್ತರ ಇಲ್ವೇನೋ? ಕ್ಷಮಿಸಕ್ಕಾಗಲ್ಲ ಅನ್ನೋದು? ಇಲ್ಲಾ, ಯೋಚನೆ ಮಾಡ್ತೀನಿ ಅನ್ನೋದು?"

ಮುನೇಶ ತಲೆ ತಗ್ಗಿಸಿದ. "ಇಲ್ಲಮ್ಮಾ. ಅದೊಂದೇ. ಬೇರೆ ಏನು ಬರೆದ್ರೂ ಮೇಷ್ಟ್ರು ಕೆಂಪು ಗೀಟು ಎಳೀತಿದ್ರು."

ಅವಳು ಒಳಗೆ ಬಂದು ಬಾಗಿಲು ಮುಂದಕ್ಕೆ ತಳ್ಳಿ ಮಂಚದ ಅಂಚಿಗೆ ಕೂತಳು. ತೆಲುಗಿನಲ್ಲಿ ಹೇಳತೊಡಗಿದಳು. ಆ ಬೆಳಿಗ್ಗೆ ತಾನು ಹುಳುವಿಗೆ ಸೊಪ್ಪು ಹಾಕುತ್ತಾ ಹಾಡಿಕೊಳ್ಳುತ್ತಿದ್ದೆ ಎಂದಳು. ಅಪ್ಪ ಹೆಣವಾಗಿ ಮಲಗಿದ್ದಾಗ ತಾನು ಹಾಡಿಕೊಳ್ಳುತ್ತಿದ್ದದ್ದು ಎದೆಯಲ್ಲಿ ಮುಳ್ಳಾಗಿದೆ ಎಂದಳು. ಹತ್ತು ನಿಮಿಷದ ದಾರಿ, ಒಬ್ಬ ಜವಾನನನ್ನು ಕಳಿಸಿದ್ದರೆ ಸಾಕಿತ್ತು, ಅಳದೆ ಒಬ್ಬಳೇ ಬಸ್ಸು ಹತ್ತುತ್ತಿದ್ದೆ ಎಂದಳು. ಇಪ್ಪತ್ತಾರು ವರ್ಷ ನಿಮ್ಮ ಬಟ್ಟೆ ಒಗೆದೆ, ನಿಮ್ಮ ತಟ್ಟೆ ತೊಳೆದೆ, ಒಂದು ದಿನವಾದರೂ ಕೇಳಿದಿರಾ ಎಂದಳು. ದನಿ ಏರಲಿಲ್ಲ.

"ಅದಕ್ಕೇನಾ ನೀವು ಕೇಳ್ತಿರೋದು? ಅದಕ್ಕೇನಾ?"

ಮೇಷ್ಟ್ರ ಕಣ್ಣಿಂದ ನೀರು ಇಳಿಯಿತು. ಲಕ್ವ ಹೊಡೆದವರಿಗೆ ಕಾರಣವಿಲ್ಲದೆಯೂ ಕಣ್ಣೀರು ಬರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. "ಐ ಆಮ್ ವೆರಿ ಸಾರಿ," ಎಂದರು ಅವರು. ದನಿ ಗಾಳಿಯಷ್ಟೇ ಉಳಿದಿತ್ತು. "ಐ ಶುಡಂಟ್ ಹ್ಯಾವ್ ಡನ್ ದಟ್."

ಅವಳು ಅವರ ಒಳಗೆ ಹೋಗಿದ್ದ ಕೆನ್ನೆಯನ್ನು ನೋಡಿದಳು. ಇನ್ನೆರಡು ದಿನ ಹೀಗಾದರೆ ಹೋಗಿಬಿಡುತ್ತಾರೆ. ಸೆರಗಿನಿಂದ ಅವರ ಕಣ್ಣೊರೆಸಿದಳು.

"ದಟ್ಸ್ ಆಲ್ ರೈಟ್," ಅಂದಳು. ಗಂಜಿಯ ಬಟ್ಟಲನ್ನು ಮಡಿಲಿಗೆ ಎತ್ತಿಕೊಂಡಳು. ಮುಂದಿನದನ್ನೂ ಹೇಳಿದಳು. "ಇಟ್ ಡಸಂಟ್ ಮ್ಯಾಟರ್."

ಮೇಷ್ಟ್ರ ಮೈಯ ಬಿಗಿ ಇಳಿಯಿತು. ಬಾಯಿ ತೆರೆದರು. ಅವಳು ಒಂದೊಂದೇ ಚಮಚ ಗಂಜಿ ಹಾಕಿದಳು. ಅರ್ಧ ಬಟ್ಟಲು ಹೋಯಿತು. ಇವರಿಗೆ ಕೇಳಿಸಿತು, ಇವರಿಗೆ ತಿಳಿಯಿತು ಎಂಬ ನಂಬಿಕೆ ಅವಳಲ್ಲಿ ಮೆಲ್ಲಗೆ ಮೂಡತೊಡಗಿತ್ತು. ಅಷ್ಟರಲ್ಲಿ ಅವರು ಕತ್ತು ಸ್ವಲ್ಪ ಎತ್ತಿ, ದಾರಿಯಲ್ಲಿ ಎದುರಾದ ಅಪರಿಚಿತಳನ್ನು ನೋಡುವಂತೆ ಅವಳನ್ನು ನೋಡಿದರು.

"ಎಕ್ಸ್‌ಕ್ಯೂಸ್ ಮಿ. ಕುಡ್ ಯು ಟೆಲ್ ಮಿ ವೇರ್ ದ ಪೋಸ್ಟ್ ಆಫೀಸ್ ಈಸ್?"

ಬಾಗಿಲಾಚೆ ನಿಂತಿದ್ದ ಮುನೇಶ ಸಣ್ಣ ದನಿಯಲ್ಲಿ, "ಹತ್ತನೇ ಪಾಠ," ಅಂದ.

ರತ್ನಮ್ಮ ಬಟ್ಟಲು ಕೆಳಗಿಟ್ಟಳು. ಇಪ್ಪತ್ತಾರು ವರ್ಷ ಯಾರಿಗೂ ಕೊಡದೆ ಕಾಪಾಡಿಕೊಂಡದ್ದನ್ನು ಆಗಷ್ಟೇ ಕೊಟ್ಟುಬಿಟ್ಟಿದ್ದಳು. ಯಾರ ಕೈಗೆ ಕೊಟ್ಟೆ ಎನ್ನುವುದು ಅವಳಿಗೆ ಗೊತ್ತಾಗಲಿಲ್ಲ. ಸುನಂದ ಒಳಗೆ ಬಂದು, ಅಪ್ಪ ಗಂಜಿ ಕುಡಿದದ್ದನ್ನು ಕಂಡು ಅಮ್ಮನ ಕೈ ಹಿಡಿದುಕೊಂಡಳು. ರತ್ನಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡು ಹಿತ್ತಲಿಗೆ ಹೋದಳು. ಹುಳು ಪೊರೆ ಬಿಟ್ಟು ಜ್ವರದಿಂದ ಎದ್ದಿದ್ದವು, ಸೊಪ್ಪು ಹಾಕಬೇಕಿತ್ತು.

ಸಂಕ್ರಾಂತಿಯ ಹಿಂದಿನ ವಾರ ಮೇಷ್ಟ್ರಿಗೆ ಎರಡನೇ ಸಲ ಹೊಡೆಯಿತು. ಈ ಸಲ ಇಂಗ್ಲಿಷೂ ಹೋಯಿತು. ಅವಳು ಅವರ ಕಿವಿಯ ಹತ್ತಿರ ತೆಲುಗು, ಕನ್ನಡ, ಕ್ಯಾಲೆಂಡರಿನ ಹಿಂದಿನ ಸಾಲುಗಳು ಎಲ್ಲವನ್ನೂ ಹೇಳಿ ನೋಡಿದಳು. ಯಾವುದಕ್ಕೂ ಕಣ್ಣು ಕದಲಲಿಲ್ಲ. ಇಪ್ಪತ್ತಮೂರು ದಿನ ಹಾಗೇ ಇದ್ದು ಹೋದರು. ಮಣ್ಣಿಗೆ ಶಿಷ್ಯರು ಬಹಳ ಜನ ಬಂದಿದ್ದರು. ಎಷ್ಟು ಚೆನ್ನಾಗಿ ಕಲಿಸ್ತಿದ್ರು, ಇವತ್ತಿಗೂ ಒಂದು ಸಾಲು ಮರೆತಿಲ್ಲ ಎಂದು ಅವಳೆದುರು ಕೈಮುಗಿದು ಹೇಳಿದರು. ಅವಳು ತಲೆಯಾಡಿಸಿದಳು.

ತಿಂಗಳು ಕಳೆದ ಮೇಲೆ ಒಂದು ದಿನ ಬಸ್ಸು ಹತ್ತಿ ಒಬ್ಬಳೇ ತವರಿಗೆ ಹೋದಳು. ಅಪ್ಪನನ್ನಿಟ್ಟ ಜಾಗ ತೋರಿಸು ಎಂದು ಆಂಜಿಯನ್ನು ಕೇಳಿದಳು. ಅವನು ಹೊಲದ ಅಂಚಿಗೆ ಕರೆದುಕೊಂಡು ಹೋದ. ಉದ್ದಕ್ಕೂ ಟೊಮೇಟೊ ಕಡ್ಡಿ ನೆಟ್ಟಿದ್ದರು. ಆಂಜಿ ಅತ್ತ ಎರಡು ಹೆಜ್ಜೆ ಹಾಕಿದ, ಇತ್ತ ನಾಲ್ಕು ಹೆಜ್ಜೆ ಹಾಕಿದ.

"ಇಲ್ಲೇ ಎಲ್ಲೋ ಅಕ್ಕಾ. ಟ್ರ್ಯಾಕ್ಟರ್ ಹೊಡೆದು ಹೊಡೆದು ದಿಬ್ಬ ಕರಗೋಯ್ತು."

ಅವಳು ಸಾಲುಗಳ ನಡುವೆ ಹೋಗಿ ನಿಂತಳು. ಹೇಳಬೇಕೆಂದುಕೊಂಡು ಬಂದದ್ದು ಬಹಳ ಇತ್ತು. ನಿನ್ನ ಸಾವನ್ನು ದೊಡ್ಡ ವಿಷಯ ಅಲ್ಲ ಅಂದುಬಿಟ್ಟೆ ಅಪ್ಪಾ, ಗತಿಯಿಲ್ಲದೆ ಅಂದೆ ಎನ್ನಬೇಕೆಂದಿದ್ದಳು. ಯಾವ ಕಡೆಗೆ ಮುಖ ಮಾಡಿ ಹೇಳುವುದೆಂದು ತಿಳಿಯಲಿಲ್ಲ.

"ಬಿಸಿಲು ಕಣಕ್ಕಾ, ಬಾ, ಊಟ ಮಾಡು," ಅಂದ ಆಂಜಿ.

"ಬರ್ತೀನಿ ನಡಿ," ಅಂದಳು. ಆದರೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.