ಸಹಿ ಹಾಕುವ ಮುಂಚೆ

ಹೊಸಪೇಟೆಯ ಕೋರ್ಟಿನ ಹಿಂದಿನ ಬೀದಿಯಲ್ಲಿ ಜಂಬುನಾಥ್ ವಕೀಲರ ಆಫೀಸು. ಅವರೂ ಅನ್ನಪೂರ್ಣ ಎಂಬ ವಕೀಲರೂ ಸೇರಿ ಅದನ್ನು ನಡೆಸುತ್ತಿದ್ದರು. ಸಂಡೂರಿನಲ್ಲೂ ಕಂಪ್ಲಿಯಲ್ಲೂ ಒಂದೊಂದು ಕೋಣೆ ಹಿಡಿದು ವಾರಕ್ಕೊಮ್ಮೆ ಹೋಗಿ ಕೂರುತ್ತಿದ್ದರು. ಸಂಸ್ಥೆಗೆ ಒಂದು ವೆಬ್‌ಸೈಟೂ ಇತ್ತು. ಆದರೆ ಅದನ್ನು ನೋಡಿ ಬಂದವರು ಯಾರೂ ಇರಲಿಲ್ಲ. ಅದನ್ನು ಸರಿಪಡಿಸಲು ಅನ್ನಪೂರ್ಣ ಕರೆಸಿದ್ದು ಸ್ಫೂರ್ತಿಯನ್ನು.

ಟಿ.ಬಿ. ಡ್ಯಾಂನ ಕ್ವಾರ್ಟರ್ಸ್‌ನಲ್ಲಿ ಬೆಳೆದ ಸ್ಫೂರ್ತಿ ಅಲ್ಲಿಯವರೆಗೆ ಹಂಪಿ ಸುತ್ತಮುತ್ತಲಿನ ಹೋಮ್‌ಸ್ಟೇಗಳಿಗಷ್ಟೇ ವೆಬ್‌ಸೈಟ್ ಮಾಡಿದ್ದಳು. ಕೋಣೆಯ ಚಿತ್ರ, ಬಾಡಿಗೆ, ದಾರಿ, ಅಷ್ಟೇ. ವಕೀಲರ ಕೆಲಸ ಸಿಕ್ಕಿದೆ ಎಂದು ಗೊತ್ತಾದ ದಿನ ಸಂಭ್ರಮದಲ್ಲಿ ಬಸ್ಸಿನಲ್ಲಿ ಸೀಟಿದ್ದರೂ ಕೂರದೆ ಊರು ಮುಟ್ಟಿದ್ದಳು.

ಮೊದಲ ದಿನವೇ ತನ್ನ ಫೋನನ್ನು ಜಂಬುನಾಥರ ಕೈಗೆ ಕೊಟ್ಟಳು.

"ಸರ್, ನಾನು ಸಂಡೂರಿನಾಕಿ ಅಂತ ಇಟ್ಕೊಳ್ರಿ. ಅದಿರು ಲಾರಿ ನಮ್ಮಣ್ಣಗ ಗುದ್ದೈತಿ. ನಿಮ್ಮ ಸೈಟಿನ್ಯಾಗ ಸಂಡೂರು ಆಫೀಸಿನ ನಂಬರ್ ಹುಡುಕಿ ಕೊಡ್ರಿ ನೋಡೋಣು."

ಜಂಬುನಾಥರು ನಕ್ಕು ಕನ್ನಡಕ ಏರಿಸಿದರು. 'ಪ್ರಾಕ್ಟೀಸ್ ಏರಿಯಾಸ್' ಒತ್ತಿದರು. ಇಂಗ್ಲಿಷಿನ ಉದ್ದನೆಯ ಪಟ್ಟಿ ಬಂತು. ಹಿಂದೆ ಬಂದು 'ನಮ್ಮ ದೃಷ್ಟಿಕೋನ' ಒತ್ತಿದರು. ಕರಿ ಕೋಟು ಹಾಕಿಕೊಂಡ ಅವರದೇ ಫೋಟೊ ಬಂತು. ಇನ್ನೊಂದು ಒತ್ತಿದರೆ ಮತ್ತೆ ಅದೇ ಫೋಟೊ. ಕೊನೆಗೆ ಫೋನು ಮೇಜಿನ ಮೇಲಿಟ್ಟರು.

"ಆ ನಂಬರ್ ನನಗ ಬಾಯಿಪಾಠ ಐತವ್ವ, ಬರ್ಕೋ."

"ನಿಮಗ ಐತ್ರಿ. ಆಕಿಗೆ?"

ಪಕ್ಕದ ಮೇಜಿನಲ್ಲಿದ್ದ ಅನ್ನಪೂರ್ಣ ಫೈಲಿನಿಂದ ತಲೆ ಎತ್ತಿ ಜೋರಾಗಿ ನಕ್ಕುಬಿಟ್ಟರು. ಆಮೇಲೆ ಜಂಬುನಾಥರೂ ನಗಬೇಕಾಯಿತು.

ಕಾನೂನಿನ ಹೆಸರುಗಳನ್ನು ಬಿಟ್ಟು ಜನರ ಕಷ್ಟದ ಹೆಸರಿನಲ್ಲೇ ಸೈಟನ್ನು ಜೋಡಿಸಬೇಕು ಎಂದು ಸ್ಫೂರ್ತಿಗೆ ಅನಿಸಿತು. ಆದರೆ ಜನ ತಮ್ಮ ಕಷ್ಟಕ್ಕೆ ಏನೆಂದು ಹೆಸರಿಡುತ್ತಾರೆ? ಅನ್ನಪೂರ್ಣರ ಹತ್ತಿರ ಕೂತು, ಆಫೀಸಿಗೆ ಬಂದವರು ಮೊದಲು ಕೇಳುವ ಮಾತುಗಳನ್ನು ಚೀಟಿಗಳಲ್ಲಿ ಬರೆದಳು. 'ಮಾಲೀಕ ಮನೆ ಖಾಲಿ ಮಾಡು ಅಂತಾನೆ.' 'ಗಂಡ ಮನಿಗೆ ಬಿಟ್ಟುಕೊಳ್ತಿಲ್ಲ.' 'ಗುತ್ತಿಗೆದಾರ ಕೆಲಸದಿಂದ ತೆಗೆದ.' 'ಪೊಲೀಸರು ಕರೆದಾರೆ, ಹೋಗ್ಲೋ ಬ್ಯಾಡೋ?' ಎಲ್ಲವನ್ನೂ ವರಾಂಡದ ಚಾಪೆಯ ಮೇಲೆ ಹರಡಿ, ತಮ್ಮ ಸರದಿಗೆ ಕಾಯುತ್ತಿದ್ದ ಕಕ್ಷಿದಾರರಿಗೆ, "ಯಾವ್ಯಾವು ಒಂದ ಕಡೆ ಇರಬೇಕು, ನೀವ ಕೂಡಿಸ್ರಿ," ಎಂದಳು.

ಮೊದಮೊದಲು ಎಲ್ಲರೂ ಸಂಕೋಚಪಟ್ಟರು. ಸ್ವಲ್ಪ ಹೊತ್ತಿಗೆ ವರಾಂಡ ಸಂತೆಯಾಯಿತು. ಕಡ್ಡಿರಾಂಪುರದ ಎರ್ರಮ್ಮ, ಮನೆ ಚೀಟಿಯನ್ನು ಗಂಡನ ಚೀಟಿಯ ಪಕ್ಕಕ್ಕಿಟ್ಟಳು. ಅಕ್ಕಿ ಗಿರಣಿಯ ಉಜ್ಜಿನಪ್ಪ ಅದನ್ನು ಎತ್ತಿ ಜಮೀನಿನ ಗುಂಪಿಗೆ ಹಾಕಿದ.

"ಮನಿ ಅಂದ್ರ ಆಸ್ತಿ ಅಲ್ಲೇನವ್ವ?"

"ನಿನಗ ಆಸ್ತಿ. ಹೊರಗ ಹಾಕಿಸ್ಕೊಂಡಾಕಿಗೆ ಅದು ಸಂಸಾರ," ಎಂದಳು ಎರ್ರಮ್ಮ.

ಇಬ್ಬರೂ ಬಿಟ್ಟುಕೊಡಲಿಲ್ಲ. ಸ್ಫೂರ್ತಿಗೆ ಥಟ್ಟನೆ ಹೊಳೆಯಿತು. ಇಬ್ಬರದೂ ಸರಿ. ಆ ಚೀಟಿ ಎರಡೂ ಕಡೆ ಇರಲಿ, ಯಾವ ಬಾಗಿಲಿನಿಂದ ಬಂದರೂ ಒಂದೇ ಪುಟಕ್ಕೆ ಬರಲಿ. ಅವಳು ಅಲ್ಲೇ ನೆಲದ ಮೇಲೆ ಕೂತು ನಕ್ಷೆ ಬರೆಯತೊಡಗಿದಳು. ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲ.

ನಕ್ಷೆ ನೋಡಿದ ಅನ್ನಪೂರ್ಣ, "ಒಂದು ಬಾಗಿಲು ಬಿಟ್ಟೀಯಲ್ಲ," ಎಂದರು. "ಹೆಣ್ಣುಮಕ್ಕಳು ನಮ್ಮ ಹತ್ರ ಬರೋದು ಯಾವುದೋ ಕಾಗದಕ್ಕ ಸಹಿ ಹಾಕಿದ ಮ್ಯಾಲೆ. ಅವಾಗ ನಾವರ ಏನು ಮಾಡೋದು? 'ಸಹಿ ಹಾಕುವ ಮುಂಚೆ' ಅಂತ ಒಂದು ಮಾಡು. ಮೊದಲ ಪುಟದಾಗ ಇರಲಿ, ದೊಡ್ಡದಾಗಿ."

ಮೊದಲ ಪುಟದ ವಿಷಯದಲ್ಲಿ ಜಗಳ ಬಂದದ್ದು ಜಂಬುನಾಥರಿಂದ. ಅಲ್ಲಿ ಅವರ ಫೋಟೊಗೆ ಜಾಗವೇ ಇರಲಿಲ್ಲ. ಐದು ಬಾಗಿಲುಗಳು, ಕೆಳಗೆ ಹೊಸಪೇಟೆ, ಸಂಡೂರು, ಕಂಪ್ಲಿ ಎಂದು ಮೂರು ಊರಿನ ಹೆಸರು. ಊರು ಒತ್ತಿದರೆ ಯಾವ ದಿನ ಯಾರು ಸಿಗುತ್ತಾರೆ ಎಂಬುದು.

"ವಕೀಲರು ಪ್ರಚಾರ ಮಾಡೋಹಂಗಿಲ್ಲವ್ವ. ಇದು ಅಂಗಡಿ ಬೋರ್ಡಿನಂಗ ಕಾಣ್ತೈತಿ."

"ಪ್ರಚಾರ ಅಂದ್ರ ನಿಮ್ಮ ಫೋಟೊ ಸರ್. ಇದು ದಾರಿ ತೋರಿಸೋದು," ಎಂದಳು ಸ್ಫೂರ್ತಿ. ಹೇಳಿದ ಮೇಲೆ ಹೆಚ್ಚಾಯಿತೇನೋ ಎಂದು ನಾಲಿಗೆ ಕಚ್ಚಿಕೊಂಡಳು. ಜಂಬುನಾಥರು ನಕ್ಷೆಯನ್ನು ಇನ್ನೊಮ್ಮೆ ನೋಡಿ, "ನಡೀಲಿ," ಎಂದರು.

ಹೊಸ ಸೈಟು ಶುರುವಾಯಿತು. ಅನ್ನಪೂರ್ಣ ಕಂಪ್ಲಿಯ ಮಹಿಳಾ ಸಂಘವೊಂದಕ್ಕೆ ಕಾನೂನಿನ ಬಗ್ಗೆ ಮಾತಾಡಲು ಹೋದಾಗ ಅದರ ಲಿಂಕನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿ ಬಂದರು.

ಕೆಲವು ವಾರ ಏನೂ ಆಗಲಿಲ್ಲ. ಒಂದು ಸೋಮವಾರ ಬೆಳಿಗ್ಗೆ, ಸಣ್ಣಪುಟ್ಟ ತಿದ್ದುಪಡಿಗೆಂದು ಸ್ಫೂರ್ತಿ ಆಫೀಸಿನಲ್ಲಿದ್ದಾಗ ಫೋನು ಬಡಿಯಿತು. ಅನ್ನಪೂರ್ಣ ಎತ್ತಿಕೊಂಡು ಸ್ಪೀಕರಿಗೆ ಹಾಕಿದರು. ಆ ಕಡೆ ಹೆಣ್ಣುದನಿ, ಪಿಸುಮಾತು.

"ಮೇಡಂ, ನಾನು ಪಂಪಾವತಿ, ಕಂಪ್ಲಿಯಿಂದ. ನೋಂದಣಿ ಕಚೇರಿ ಹೊರಗ ಕುಂತೀನ್ರಿ. ನಮ್ಮಣ್ಣದೇರು ಒಳಗದಾರ. ಅಪ್ಪನ ಗದ್ದಿಗೆ ನಂದೊಂದು ಸಹಿ ಬೇಕಂತ. ಸುಮ್ನ ಹಾಕು ಅಂತಾರ. ನಿಮ್ಮ ಸೈಟಿನ್ಯಾಗ 'ಸಹಿ ಹಾಕುವ ಮುಂಚೆ' ಅಂತಿತ್ತು. ಅದನ್ನ ಓದಿದೆ. ಹಾಕ್ಲೇನ್ರಿ?"

ಸ್ಫೂರ್ತಿ ಚಹಾ ಕೆಳಗಿಟ್ಟು ಫೋನಿನ ಹತ್ತಿರಕ್ಕೆ ಬಂದಳು.

"ಕಾಗದದ ಮ್ಯಾಲೆ ಏನಂತ ಐತಿ, ಓದವ್ವ," ಎಂದರು ಅನ್ನಪೂರ್ಣ.

"ಹಕ್ಕು ಬಿಡುಗಡೆ ಪತ್ರ ಅಂತೈತ್ರಿ."

"ಅದಕ್ಕ ಸಹಿ ಹಾಕಿದ್ರ ಗದ್ದಿಯೊಳಗ ನಿನ್ನ ಪಾಲು ಬಿಟ್ಟುಕೊಟ್ಟಂಗ. ಪಿತ್ರಾರ್ಜಿತ ಆಸ್ತಿ ಇದ್ರ ಅಣ್ಣದೇರಿಗೆ ಎಷ್ಟೋ ನಿನಗೂ ಅಷ್ಟ. ಬಿಡೋದು, ಇಟ್ಕೊಳ್ಳೋದು ನಿನ್ನ ಇಷ್ಟ. ಆದ್ರ ತಿಳಕೊಂಡು ಮಾಡು. ಇವತ್ತ ಹಾಕಬೇಕು ಅಂತ ಯಾವ ಕಾನೂನೂ ಇಲ್ಲ."

ಜಂಬುನಾಥರು ಕೋರ್ಟಿಗೆ ಹೊರಟವರು ಬಾಗಿಲಲ್ಲೇ ನಿಂತುಬಿಟ್ಟಿದ್ದರು.

"ಹಂಗಾದ್ರ ಹೊಸಪೇಟಿ ಬಸ್ಸು ಹತ್ತತೀನ್ರಿ," ಎಂದು ಪಂಪಾವತಿ ಫೋನಿಟ್ಟಳು.

ಮಧ್ಯಾಹ್ನ ಅವಳು ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಕೈಯಲ್ಲೊಂದು ಬಟ್ಟೆ ಚೀಲ. ದಾರಿಯುದ್ದಕ್ಕೂ ಅಣ್ಣಂದಿರ ಫೋನು ಬರುತ್ತಿತ್ತಂತೆ, ಎತ್ತಿರಲಿಲ್ಲ. "ಕುಂದ್ರವ್ವ," ಎಂದು ಜಂಬುನಾಥರೇ ಕುರ್ಚಿ ಎಳೆದುಕೊಟ್ಟರು. ಆಮೇಲೆ ಅಣ್ಣಂದಿರನ್ನೂ ಕರೆಸಿ ಮಾತಾಡಿದರು. ಅವರು ಕೂಗಾಡಿದರು, ಮಾತು ಬಿಟ್ಟರು, ಹಬ್ಬಕ್ಕೆ ತಂಗಿಯನ್ನು ಕರೆಯಲಿಲ್ಲ. ಕೊನೆಗೆ ಕಾಲುವೆ ಪಕ್ಕದ ತುಂಡು ಪಂಪಾವತಿಯ ಹೆಸರಿಗಾಯಿತು. ಹಿರಿಯ ಅಣ್ಣ ಈಗಲೂ ಅವಳ ಜೊತೆ ಮಾತಾಡುವುದಿಲ್ಲ. ಕಿರಿಯವನು ಮಾತ್ರ ನಾಟಿಯ ಹೊತ್ತಿಗೆ ಆಳುಗಳನ್ನು ಕರೆತಂದು ನಿಲ್ಲಿಸಿದ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ, ಅನ್ನಪೂರ್ಣರ ಜೊತೆಗಿನ ಮಾತು ಮುಗಿದ ಮೇಲೆ, ಸ್ಫೂರ್ತಿ ತಡೆಯಲಾರದೆ ಅವಳ ಪಕ್ಕಕ್ಕೆ ಹೋಗಿ ಕೂತಳು.

"ಅಕ್ಕಾ, ಸೈಟು ಮಾಡಿದಾಕಿ ನಾನು. ನಿಮಗ ಎಲ್ಲ ಜಲ್ದಿ ಸಿಕ್ತೇನ್ರಿ?"

ಪಂಪಾವತಿ ಸ್ವಲ್ಪ ಯೋಚಿಸಿದಳು. "ಓದೋದು ಸಿಕ್ತವ್ವ. ಫೋನ್ ನಂಬರ್ ಎಲ್ಲೋ ಕೆಳಗಿತ್ತು. ಅಣ್ಣದೇರು ಹೊರಗ ಬರೋದ್ರೊಳಗ ಹುಡುಕೋದು ಭಾಳ ತ್ರಾಸಾತು."

"ಎಲ್ಲಿದ್ರ ಚಲೋ ಇತ್ರಿ?"

"ಮ್ಯಾಲೆ. ಕಣ್ಣಿಗೆ ಹೊಡಿಯೋ ಹಂಗ."

ಸ್ಫೂರ್ತಿ ಲ್ಯಾಪ್‌ಟಾಪ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ನೀವ ನೋಡಿ ಹೇಳ್ರಿ," ಎಂದು ಪರದೆಯನ್ನು ಅವಳ ಕಡೆ ತಿರುಗಿಸಿದಳು. ಪಂಪಾವತಿ ಕಂಪ್ಲಿಯ ಬಸ್ಸಿನ ಹೊತ್ತು ಮರೆತು, ಬೆರಳು ತೋರಿಸುತ್ತ ಅವಳ ಹತ್ತಿರಕ್ಕೆ ಸರಿದು ಕೂತಳು.