ಸ್ಯಾಂಪಲ್ ಮೇಡಂ

ವರ್ಷಕ್ಕೊಂದು ವರ್ಷನ್ ಬಿಡದಿದ್ದರೆ ಆ ಕಂಪನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ವೆಬ್‌ಸೈಟ್ ಮಾಡಿಕೊಳ್ಳುವ ಸಾಫ್ಟ್‌ವೇರ್ ಅದು. ಕೋಡು ಎಂದರೆ ಎತ್ತಿನ ತಲೆಯ ಮೇಲಿರುವುದು ಎಂದಷ್ಟೇ ಗೊತ್ತಿರುವ ಟೇಲರು, ಪ್ಲಂಬರು, ಹಲ್ಲಿನ ಡಾಕ್ಟರುಗಳೆಲ್ಲ ಅದರಲ್ಲಿ ಸಿದ್ಧವಾಗಿರುವ ಮಾದರಿ ಪುಟವೊಂದನ್ನು ಆರಿಸಿಕೊಂಡು, ಅಂಗಡಿಯ ಹೆಸರು, ಫೋನ್ ನಂಬರು ತುಂಬಿ ಬಟನ್ ಒತ್ತಿದರೆ ಮುಗಿಯಿತು, ವೆಬ್‌ಸೈಟು ತಯಾರು. ಆ ಪುಟಗಳನ್ನು ಮಾಡುವವನಿಗೆ ಆಫೀಸಿನಲ್ಲಿ ಮಾದರಿಗಾರ ಎಂದೇ ಹೆಸರು. ಹದಿನಾಲ್ಕು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ, ಕಿಟಕಿಯಾಚೆ ಎದುರು ಕಟ್ಟಡದ ಅದೇ ಏಸಿ ಡಬ್ಬಗಳು.

ಆ ಮಂಗಳವಾರ ಮೀಟಿಂಗು. ಮುಂದಿನ ವರ್ಷನ್‌ನಲ್ಲಿ ಬಳಕೆದಾರರಿಗೆ ಏನೇನು ಬೇಕಂತೆ ಎಂದು ವರದಿ ಒಪ್ಪಿಸಬೇಕಾಗಿದ್ದವಳು ಮೂರು ತಿಂಗಳ ಹಿಂದೆ ಸೇರಿದ್ದ ಸರ್ವೆ ಹುಡುಗಿ. ಬಳಕೆದಾರರ ಪತ್ರಗಳನ್ನು ಓದಿ ಓದಿ ಅವಳೇ ಬಳಲಿಕೆದಾರಳಾಗಿದ್ದಳು.

"ಬಟನ್ ದೊಡ್ಡದಾಗ್ಲಿ ಅಂತ ನೂರಾ ಹನ್ನೆರಡು ವೋಟು ಸಾರ್. ಬಟನ್ ಚಿಕ್ಕದಾಗ್ಲಿ ಅಂತಾನೂ ನೂರಾ ಹನ್ನೆರಡೇ."

"ಹಾಗಾದ್ರೆ ಬಟನ್ನು ಇದ್ದ ಹಾಗೇ ಇರ್ಲಿ. ಅದೊಂದಾದ್ರೂ ನೆಮ್ಮದಿಯಾಗಿದೆ," ಎಂದ ಮ್ಯಾನೇಜರ್. ಎಲ್ಲದಕ್ಕೂ ಗಡುವು ಹಾಕುವ, ಹಾಕಿದ್ದನ್ನು ತಾನೇ ಮುಂದಕ್ಕೆ ತಳ್ಳುವ ಆತನನ್ನು ಬೆನ್ನ ಹಿಂದೆ ಎಲ್ಲರೂ ಗಡುವಪ್ಪ ಎನ್ನುತ್ತಿದ್ದರು.

"ಒಬ್ರಿಗೆ ನೀಲಿ ಬಣ್ಣ ಇನ್ನೂ ಸ್ವಲ್ಪ ನೀಲಿಯಾಗ್ಬೇಕಂತೆ. ಇನ್ನೊಬ್ರಿಗೆ ಏನೂ ಬದಲಾಗ್ಬಾರ್ದು, ಆದ್ರೆ ಎಲ್ಲಾ ಹೊಸದಾಗಿ ಕಾಣ್ಬೇಕಂತೆ. ಮತ್ತೊಬ್ರು, ನಮ್ಮ ಭಾವಮೈದನ ವೆಬ್‌ಸೈಟಿಗಿಂತ ನಂದು ಚೆನ್ನಾಗಿರ್ಬೇಕು, ಅಷ್ಟು ಸಾಕು ಅಂತ ಬರ್ದಿದಾರೆ."

ನಕ್ಕಿದ್ದಾಯಿತು. ಆಮೇಲೆ ಹುಡುಗಿ ಮೊದಲ ಸ್ಥಾನ ಪಡೆದ ಬೇಡಿಕೆಯನ್ನು ಪರದೆಯ ಮೇಲೆ ಹಾಕಿದಳು. ಎರಡು ಸಾವಿರದ ಮುನ್ನೂರ ಹದಿನಾರು ವೋಟು. "ಮಾದರಿ ಪುಟದ ಸ್ಯಾಂಪಲ್ ಫೋಟೋ ತಾನಾಗಿಯೇ ಹೋಗಬೇಕು. ನಾವು ಬದಲಾಯಿಸುವುದನ್ನು ಮರೆಯುತ್ತೇವೆ."

"ಒಮ್ಮೆ ಮರ್ತು ಆಮೇಲೆ ಬದಲಾಯಿಸ್ಕೊಂಡೋರೂ ವೋಟು ಹಾಕಿದಾರೆ ಸಾರ್. ಇನ್ನೂ ಎಷ್ಟು ಜನ ಮರ್ತೇ ಇದಾರೆ ನೋಡಿ!" ಅವಳು ಒಂದೊಂದೇ ವೆಬ್‌ಸೈಟ್ ತೋರಿಸತೊಡಗಿದಳು. ಎಲ್ಲದರಲ್ಲೂ ಒಬ್ಬಳೇ ಹೆಂಗಸು. ಕಿವಿಗೆ ಕೆಂಪು ಪೆನ್ನು ಸಿಕ್ಕಿಸಿಕೊಂಡು, ಕಿಟಕಿಯ ಬೆಳಕಿಗೆ ಒಂದು ಕಣ್ಣು ಸ್ವಲ್ಪ ಕಿರಿದು ಮಾಡಿ ನಗುತ್ತಿರುವವಳು. ಒಂದು ಕಡೆ ಹಲ್ಲಿನ ಡಾಕ್ಟರು. ಒಂದು ಕಡೆ ಕ್ರಿಮಿನಲ್ ವಕೀಲೆ. ಒಂದು ಕಡೆ ಬಾಯ್ಲರ್ ರಿಪೇರಿಯ ಮುಖ್ಯ ಎಂಜಿನಿಯರು. "ನಾಲ್ಕುನೂರ ಹನ್ನೆರಡು ಸೈಟಲ್ಲಿದಾಳೆ ಸಾರ್! ಒಂದ್ ಜನ್ಮದಲ್ಲಿ ಎಷ್ಟು ಕೆಲ್ಸ ಮಾಡ್ತಾಳೋ ಪುಣ್ಯಾತ್ಗಿತ್ತಿ. ನಾವು ಇವ್ಳನ್ನ ಸ್ಯಾಂಪಲ್ ಮೇಡಂ ಅಂತೀವಿ."

ಹೊಸಬರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂಲೆಯಲ್ಲಿ ಕೂತಿದ್ದ ಮಾದರಿಗಾರನನ್ನು ಬಿಟ್ಟರೆ ಹಳಬನೆಂದರೆ ಗಡುವಪ್ಪನೊಬ್ಬನೇ. ಅವನು ನೀರಿನ ಬಾಟಲಿಯ ಮುಚ್ಚಳವನ್ನು ಬಿಚ್ಚಿ ಮುಚ್ಚಿ ಮಾಡುತ್ತ ಕೂತ.

ಮಾದರಿಗಾರನ ಹೆಂಡತಿ ಶಾಲೆಯಲ್ಲಿ ಲೆಕ್ಕದ ಟೀಚರು. ಎಂಟು ವರ್ಷದ ಕೆಳಗೆ, ಪುಟ ಒಪ್ಪಿಸುವ ದಿನ, ಬರಬೇಕಾಗಿದ್ದ ಫೋಟೋ ಬರದೆ ಅವನು ಮನೆಯಲ್ಲಿ ತಲೆ ಕೆರೆದುಕೊಳ್ಳುತ್ತಿದ್ದಾಗ, ಅಡುಗೆಮನೆಯ ಕಿಟಕಿಯ ಪಕ್ಕ ಪೇಪರು ತಿದ್ದುತ್ತಿದ್ದವಳನ್ನೇ ಕ್ಲಿಕ್ಕಿಸಿಬಿಟ್ಟಿದ್ದ. "ಬೇಗ ತೆಗೀರಿ, ಇನ್ನೂ ಮೂವತ್ತು ದಡ್ಡರಿದಾರೆ," ಎಂದಿದ್ದಳು. ಜನ ತಮ್ಮ ಫೋಟೋ ಹಾಕಿಕೊಳ್ಳುತ್ತಾರೆ, ಇದು ಹೋಗುತ್ತದೆ ಎಂದುಕೊಂಡಿದ್ದ. ಜನ ಹಾಕಿಕೊಳ್ಳಲಿಲ್ಲ. ಇದು ಹೋಗಲಿಲ್ಲ.

ಮನೆಯಲ್ಲಿ ಅದೇ ಒಂದು ಆಟವಾಯಿತು. ಸಂಜೆ ಅವನು ಬರುವುದೇ ತಡ, "ರೀ, ಇವತ್ತು ನಾನೇನು?" ಎನ್ನುತ್ತಿದ್ದಳು. ಅವಳ ಫೋಟೋ ಉಳಿದಿರುವ ಸೈಟೊಂದನ್ನು ಅವನು ಹುಡುಕಿ ಹೇಳುತ್ತಿದ್ದ. ಡ್ರೈವಿಂಗ್ ಸ್ಕೂಲಿನ ಯಜಮಾನಿ ಎಂದ ದಿನ ಸೈಕಲ್ಲೂ ಬಾರದವಳು ನೆಲದ ಮೇಲೆ ಕೂತು ನಕ್ಕಿದ್ದಳು.

ಹನ್ನೊಂದು ತಿಂಗಳ ಹಿಂದೆ ತಲೆನೋವು ಎಂದು ಶಾಲೆಯಿಂದ ಬೇಗ ಬಂದಳು. ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು ಆಸ್ಪತ್ರೆಯವರು. ಮೂರನೆಯ ದಿನ ಅವನು ಒಬ್ಬನೇ ವಾಪಸು ಬಂದ. ವಾರದ ಮಟ್ಟಿಗೆಂದು ಬಂದ ಅತ್ತೆ ಅಲ್ಲಿಯೇ ಉಳಿದರು. ಮಕ್ಕಳಿಲ್ಲದ ಆ ಮನೆಯಲ್ಲಿ ಅಳಿಯ, ಅತ್ತೆ ಇಬ್ಬರೇ, ಒಬ್ಬರಿಗೊಬ್ಬರು ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿರುವಾಗ ಒಂದು ಸಂಜೆ ಅತ್ತೆ ಸೀದಾ ಅವನೆದುರು ಬಂದು ನಿಂತಿದ್ದರು.

"ಅಳಿಯಂದ್ರೇ, ಇವತ್ತು ಅವಳೇನು?"

ಅಂದಿನಿಂದ ದಿನಾ ಆರು ಗಂಟೆಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು. "ಬಾಯ್ಲರ್ ರಿಪೇರಿನಾ? ಬಲ್ಬು ಹಾಕೋಕೂ ನಿಮ್ಮನ್ನೇ ಕರೀತಾಳೆ!" ಎನ್ನುತ್ತಿದ್ದರು ಅತ್ತೆ. ಕರೆಯುತ್ತಿದ್ದಳು ಎಂದು ಅವನು ತಿದ್ದಲು ಹೋಗುತ್ತಿರಲಿಲ್ಲ. ಆ ಫೋಟೋ ಇರುವುದು ಕಂಪನಿಯ ಸರ್ವರಿನಲ್ಲಿ, ಒಂದೇ ಕಡೆ. ಅಲ್ಲಿ ತೆಗೆದರೆ ಸರ್ವರ ಸೈಟಿನಿಂದಲೂ ಒಂದೇ ಏಟಿಗೆ ಹೋಗುತ್ತದೆ. ತೆಗೆಯುವ ಕೆಲಸ ಮಾದರಿಗಾರನದೇ.

ಮೀಟಿಂಗು ಮುಗಿದ ಮೇಲೆ ಗಡುವಪ್ಪ ಅವನನ್ನು ಮೆಟ್ಟಿಲ ಹತ್ತಿರ ಹಿಡಿದ.

"ನೋಡಯ್ಯಾ, ಇದನ್ನ ಮುಂದಿನ ವರ್ಷಕ್ಕೆ ತಳ್ಬಿಡ್ತೀನಿ. ಅದರ ಮುಂದಿನ ವರ್ಷಾನೂ ತಳ್ತೀನಿ. ನನಗೆ ಬರೋ ವಿದ್ಯೆ ಅದೊಂದೇ."

"ಅಷ್ಟು ವೋಟು ಬಿದ್ದಿದ್ಯಲ್ಲ ಸಾರ್."

"ವೋಟು ಬಿದ್ದದ್ದೆಲ್ಲಾ ಎಲ್ಲಿ ಎದ್ದಿದೆಯಪ್ಪಾ?"

ಆದರೂ ಮೊದಲ ಸ್ಥಾನದ ಬೇಡಿಕೆಯನ್ನು ಮುಂದೂಡಬೇಕಾದರೆ ಅದನ್ನು ಕೇಳಿದವರಲ್ಲಿ ಐವರಿಗೆ ಫೋನ್ ಮಾಡಿ ಮಾತಾಡಲೇಬೇಕು ಎಂಬುದು ಕಂಪನಿಯ ಪದ್ಧತಿ. ಐವರೂ "ಅಷ್ಟೇನು ಅವಸರವಿಲ್ಲ" ಎಂದುಬಿಟ್ಟರೆ ಬಚಾವು. ಮಾದರಿಗಾರ ತಾನೇ ಮಾಡುತ್ತೇನೆಂದು ಪಟ್ಟಿ ಇಸಿದುಕೊಂಡ. ಮೊದಲ ನಾಲ್ವರು ಹಾಗೆಯೇ ಅಂದರು. ಹಲ್ಲಿನ ಡಾಕ್ಟರಂತೂ, "ಇರ್ಲಿ ಬಿಡ್ರಿ, ಆಕೆಯ ಹಲ್ಲು ನೋಡೇ ಜನ ಬರ್ತಿದಾರೆ," ಎಂದು ನಕ್ಕ.

ಐದನೆಯವಳು ವಯಸ್ಸಾದವರನ್ನು ನೋಡಿಕೊಳ್ಳಲು ಮನೆಮನೆಗೆ ಹೋಗುವ ನರ್ಸು. ಮೂವರನ್ನು ಜೊತೆಗೆ ಇಟ್ಟುಕೊಂಡು ತಾನೇ ಸಣ್ಣದೊಂದು ಸಂಸ್ಥೆ ನಡೆಸುತ್ತಿದ್ದಳು.

"ನಮ್ಮ ಹತ್ರ ಒಬ್ರು ತಾತ ಇದಾರೆ ಸಾರ್," ಎಂದಳು. "ನೆನಪು ಸ್ವಲ್ಪ ಅತ್ತಿತ್ತ. ಅವ್ರ ಮಗ ನಮ್ಮನ್ನ ಗೊತ್ತುಮಾಡುವಾಗ ವೆಬ್‌ಸೈಟ್ ತೋರಿಸಿ, ಈ ಮೇಡಂ ಬರ್ತಾರೆ ನೋಡಪ್ಪಾ ಅಂದ್ಬಿಟ್ಟಿದಾರೆ. ಅವತ್ತಿಂದ ತಾತಂಗೆ ಅವ್ರೇ ಬೇಕು. ನಾನು ಹೋದ್ರೆ, ನೀನಲ್ಲ, ಆ ನಗೋ ಮೇಡಂ ಬರ್ಲಿ, ಆಮೇಲೆ ಸ್ನಾನ ಅಂತಾರೆ."

"ನೀವೇನು ಹೇಳ್ತೀರಿ?"

"ರಜೆ ಮೇಲಿದಾರೆ ಅಂತೀವಿ. ಏಳು ತಿಂಗಳಾಯ್ತು. ದಿನಾ ಬೆಳಗ್ಗೆ ಕೇಳ್ತಾರೆ, ದಿನಾ ಹೇಳ್ತೀವಿ. ಎಷ್ಟು ದಿನ ಅಂತ ಹೇಳೋದು ಸಾರ್, ರಜೆ ರಜೆ ಅಂತ?"

ಅವನು ನೀರು ಕುಡಿದು, "ನೀವೇ ಆ ಫೋಟೋ ತೆಗೀಬಹುದಿತ್ತಲ್ಲ. ಎರಡು ನಿಮಿಷದ ಕೆಲ್ಸ," ಎಂದ.

"ಗೊತ್ತು. ಎಷ್ಟೋ ಸಲ ಕೂತಿದೀನಿ. ಕೈ ಬರಲ್ಲ. ತಾತ ದಿನಾ ಆ ಪುಟ ತೆಗೆದು ನೋಡ್ಕೊಂಡು ಕೂರ್ತಾರೆ. ನಾನೇ ಅವ್ರನ್ನ ಕಳಿಸ್ಬಿಟ್ಟ ಹಾಗಾಗತ್ತೆ. ನಿಮ್ಮ ಕಡೆಯಿಂದ್ಲೇ ತಾನಾಗಿ ಹೋದ್ರೆ, ನನ್ನ ಕೈಲೇನಿಲ್ಲ ತಾತಾ ಅಂತ ಹೇಳ್ಬಹುದು. ಅದಕ್ಕೇ ವೋಟು ಹಾಕ್ದೆ."

ಫೋನಿಟ್ಟ ಮೇಲೆ ಅವನು ಬಹಳ ಹೊತ್ತು ಎದುರು ಕಟ್ಟಡದ ಏಸಿ ಡಬ್ಬಗಳನ್ನು ಎಣಿಸುತ್ತ ಕೂತ. ಆಮೇಲೆ ಎದ್ದು ಹೋಗಿ ಗಡುವಪ್ಪನಿಗೆ ಹೇಳಿದ: "ಈ ವರ್ಷನ್‌ನಲ್ಲೇ ಹಾಕಿ ಸಾರ್. ತಳ್ಬೇಡಿ."

ಮನೆಯಲ್ಲಿ ಹೇಳುವುದು ಅಷ್ಟು ಸಲೀಸಾಗಲಿಲ್ಲ. ನಾಲ್ಕು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ. ಶನಿವಾರ ಸಂಜೆ ಅತ್ತೆ ಕನ್ನಡಕ ಏರಿಸಿಕೊಂಡು ಮೇಜಿಗೆ ಬಂದಾಗ ಹೇಳಿದ.

"ಅಂದ್ರೆ?" ಎಂದರು ಅತ್ತೆ. "ಎಲ್ಲಾ ಕಡೆಯಿಂದಾನಾ?"

"ಎಲ್ಲಾ ಕಡೆಯಿಂದ."

"ಯಾರು ತೆಗೆಯೋದು?"

"ನಾನೇ."

"ಭೇಷ್! ಕಟ್ಕೊಂಡವರೇ ಮುಂದೆ ನಿಂತು ಮಾಡ್ತಿದೀರಿ, ಇನ್ನೇನು!" ಅತ್ತೆ ಲ್ಯಾಪ್‌ಟಾಪನ್ನು ಅವನ ಕಡೆ ತಳ್ಳಿದರು. "ಎರಡು ಸಾವಿರ ಜನ ಕೇಳಿದ್ರಂತೆ, ಇವ್ರು ಕೊಟ್ರಂತೆ. ನನ್ನ ಕೇಳಿದ್ರಾ? ನನ್ನ ವೋಟು ಎಲ್ಲಿ ಹಾಕ್ಬೇಕು ಅದನ್ನ ಹೇಳಿ ಮೊದ್ಲು."

ಅವನು ಬೇಡಿಕೆಯ ಪುಟ ತೆರೆದ. ಮುಂದಿನ ವರ್ಷನ್‌ನಲ್ಲಿ ನಿಮಗೇನು ಬೇಕು, ಎಂದು ಕೇಳುವ ಖಾಲಿ ಚೌಕ.

"ಬರೀರಿ," ಎಂದರು ಅತ್ತೆ. "ಮಾದರಿ ಪುಟದಲ್ಲಿರೋ ಆ ಫೋಟೋ ತೆಗೀಬೇಡಿ. ಅವಳು ನನ್ನ ಮಗಳು. ನಿಮಗೆ ಬೇಡ ಅಂದ್ರೆ ನಿಮ್ಮ ಮೂತಿ ಹಾಕ್ಕೊಳ್ಳಿ, ಯಾರು ಬೇಡ ಅಂದ್ರು? ಅವಳನ್ನ ಯಾಕೆ ತೆಗೀಬೇಕು?"

ಒಂದಕ್ಷರ ಬಿಡದೆ ಬರೆದ. ಕಳಿಸುವ ಬಟನ್ನನ್ನು ಅತ್ತೆಯೇ ಒತ್ತಿದರು.

ಪುಟ ಒಂದು ಕ್ಷಣ ಗಿರ್ರೆಂದು ತಿರುಗಿ ಉತ್ತರ ಕೊಟ್ಟಿತು. "ಧನ್ಯವಾದ! ನಿಮ್ಮ ಬೇಡಿಕೆಯನ್ನೇ ಹೋಲುವ ಬೇಡಿಕೆ ಈಗಾಗಲೇ ಇದೆ. ನಿಮ್ಮ ವೋಟನ್ನು ಅದಕ್ಕೆ ಸೇರಿಸಲಾಗಿದೆ." ಅದರ ಕೆಳಗೆ: ಸ್ಯಾಂಪಲ್ ಫೋಟೋ ತಾನಾಗಿಯೇ ಹೋಗಬೇಕು. ಎರಡು ಸಾವಿರದ ಮುನ್ನೂರ ಹದಿನೇಳು.

ಮಾದರಿ, ಫೋಟೋ, ತೆಗೆ ಎಂಬ ಮೂರು ಮಾತು ಕಂಡರೆ ಆ ಯಂತ್ರಕ್ಕೆ ಸಾಕು. ಬೇಡಿ ಎಂದರೂ ಅದಕ್ಕೆ ಬೇಡಿಕೆಯೇ.

ಅತ್ತೆ ಪರದೆಯನ್ನು ನೋಡಿದರು, ಅಳಿಯನನ್ನು ನೋಡಿದರು. "ಹಾಗಂದ್ರೆ ನಾನೂ ಬೇಡ ಅಂದ ಹಾಗಾಯ್ತಾ?"

"ಅಳಿಸ್ತೀನಿ ಅತ್ತೆ. ನಂಗೆ ಅಳಿಸೋಕೆ ಬರತ್ತೆ."

ಅತ್ತೆ ಬೇಡವೆಂದು ಕೈಯಾಡಿಸಿದರು. ಸಿಟ್ಟೆಲ್ಲ ಇಳಿದುಹೋಗಿ ಕುರ್ಚಿಯಲ್ಲಿ ಅವರು ಇನ್ನಷ್ಟು ಚಿಕ್ಕವರಾಗಿ ಕಂಡರು. ಆಗ ಅವನು ನರ್ಸಿನ ವಿಷಯ ತೆಗೆದ. ತಾತನ ಸ್ನಾನ, ಏಳು ತಿಂಗಳ ರಜೆ, ಎಲ್ಲ. ಅತ್ತೆ ಕೊನೆಯವರೆಗೂ ಕೇಳಿಸಿಕೊಂಡು, ಎದ್ದು ಒಳಗೆ ಹೋದರು.

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ತಲೆ ಬಾಚಿಕೊಂಡು, ಎಲ್ಲಿಗೋ ಹೊರಟವರ ಹಾಗೆ ಒಳ್ಳೆಯ ಬಟ್ಟೆ ಉಟ್ಟು ಬಂದು ಕೂತರು. "ಆ ನರ್ಸಮ್ಮಂಗೆ ಫೋನ್ ಹಚ್ಚಿ. ತಾತನ ಹತ್ರ ಇದ್ರೆ ಕೊಡೋಕೆ ಹೇಳಿ."

ನರ್ಸು ಅಲ್ಲಿಯೇ ಇದ್ದಳು. ವಿಷಯ ಕೇಳಿ ಗಾಬರಿಯಾದಳು, ಆಮೇಲೆ ಫೋನನ್ನು ಮುದುಕನ ಕಿವಿಯ ಹತ್ತಿರ ಹಿಡಿದಳು.

"ಯಾರು?" ಒಣಗಿದ ಸ್ವರ.

"ನಾನು ಆ ಮೇಡಮ್ಮಿನ ತಾಯಿ."

"ಓಹೋಹೋ! ರಜೆ ಮುಗೀತಾ?"

ಅತ್ತೆ ಮೇಜಿನ ಅಂಚು ಹಿಡಿದುಕೊಂಡರು. "ಇಲ್ಲಪ್ಪ. ಅವಳು ಬರಲ್ಲ. ಅವಳು ತೀರಿಕೊಂಡ್ಲು. ಹನ್ನೊಂದು ತಿಂಗಳಾಯ್ತು."

ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಮಾದರಿಗಾರ ಗೋಡೆಯ ಕಡೆ ತಿರುಗಿದ.

"ಸುಳ್ಳು," ಎಂದ ಮುದುಕ. "ನಾನು ನಿನ್ನೆ ನೋಡಿದೀನಿ."

"ನಾನೂ ನಿನ್ನೆ ನೋಡಿದೀನಿ."

"ನಗ್ತಾ ಇದ್ಲು."

"ಹೌದಪ್ಪ. ನಗ್ತಾ ಇದ್ಲು."

ಆಮೇಲೆ ಮುದುಕ ಕೇಳಿದ: "ನೀನು ಒಬ್ಳೇನಾ ತಾಯಿ ಮನೇಲಿ?"

"ಇಲ್ಲ, ಅಳಿಯ ಇದಾನೆ. ಅನ್ನ ಇಡೋಕೂ ಬರಲ್ಲ ಅವ್ನಿಗೆ, ಆದ್ರೂ ಇದಾನೆ."

"ಹಾಗಾದ್ರೆ ಹೋಗು, ಊಟ ಮಾಡ್ಹೋಗು. ನಾನೂ ಸ್ನಾನ ಮಾಡ್ತೀನಿ."

ಫೋನಿಟ್ಟ ಮೇಲೆ ಅತ್ತೆ ಅತ್ತರು. ಹನ್ನೊಂದು ತಿಂಗಳದ್ದನ್ನೆಲ್ಲ ಒಟ್ಟಿಗೆ ಅತ್ತರು. ಏನು ಮಾಡಬೇಕೆಂದು ತೋಚದೆ ಅವನು ಅವರ ಪಕ್ಕದ ಕುರ್ಚಿ ಎಳೆದುಕೊಂಡು ಕೂತ. ಸ್ವಲ್ಪ ಹೊತ್ತಿಗೆ ಅವನದೂ ಶುರುವಾಯಿತು.

ಹತ್ತು ದಿನ ಬಿಟ್ಟು ಹೊಸ ವರ್ಷನ್ ಬಿಡುಗಡೆ. ಮಧ್ಯಾಹ್ನ ಮೂರಕ್ಕೆ ಇಡೀ ಆಫೀಸು ದೊಡ್ಡ ಪರದೆಯ ಮುಂದೆ ಸೇರಿತು. ಮಾದರಿಗಾರ ತನ್ನ ಜಾಗದಲ್ಲಿ ಕೂತು, ಫೋಟೋವನ್ನು ಒಂದು ಸಲ ದೊಡ್ಡದು ಮಾಡಿ ನೋಡಿ, ಸರ್ವರಿನಿಂದ ತೆಗೆದ.

ಪರದೆಯ ಮೇಲೆ ಸರ್ವೆ ಹುಡುಗಿ ಸೈಟುಗಳನ್ನು ಒಂದೊಂದಾಗಿ ತೆರೆಯುತ್ತಿದ್ದಳು. ಹಲ್ಲಿನ ಡಾಕ್ಟರು ಖಾಲಿ. ವಕೀಲರು ಖಾಲಿ. ಬಾಯ್ಲರು, ಡ್ರೈವಿಂಗ್ ಸ್ಕೂಲು, ನರ್ಸಿನ ಸಂಸ್ಥೆ, ಎಲ್ಲ ಕಡೆ ಬೂದು ಬಣ್ಣದ ಚೌಕ. ಹುಡುಗಿ ಕುಣಿದಾಡಿಬಿಟ್ಟಳು.

"ಹೋಯ್ತು ಸಾರ್! ನಾಲ್ಕುನೂರ ಹನ್ನೆರಡರಲ್ಲಿ ಒಂದೂ ಉಳ್ದಿಲ್ಲ! ಎಷ್ಟು ನೀಟಾಗಿ ಕೆಲ್ಸ ಮಾಡಿದೀರಿ ಸಾರ್!"

ಎಲ್ಲರೂ ಅವನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಗಡುವಪ್ಪನೊಬ್ಬ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ನಿಂತಿದ್ದ. ತನಗೇ ಹೊಡೆಯುತ್ತಿರುವ ಚಪ್ಪಾಳೆಗೆ ಏನು ಮಾಡಬೇಕೆಂದು ಮಾದರಿಗಾರನಿಗೆ ತಿಳಿಯಲಿಲ್ಲ. ಎಲ್ಲರೂ ತಟ್ಟುತ್ತಿದ್ದರು, ಅವನೂ ಎದ್ದು ನಿಂತು ತಟ್ಟಿದ.